ಹೊಟ್ಟೆ ತುಂಬ ಮೊಟ್ಟೆ ಇದ್ದರೂ ಕೆರೆಯ ರೋಹು ಇಡುವುದಿಲ್ಲ, ಯಾಕೆ? (ಅಧ್ಯಯನ ಟಿಪ್ಪಣಿ)

ಮೀನಿನ ಸಂತಾನೋತ್ಪತ್ತಿ ಪಾಠದಲ್ಲಿ ಹಾರ್ಮೋನುಗಳ ಹೆಸರು ಜಾಸ್ತಿ. ಬಾಯಿಪಾಠ ಮಾಡಿದರೆ ಮರುದಿನ ಮರೆತುಹೋಗುತ್ತದೆ. ಒಂದೇ ಪ್ರಶ್ನೆಯನ್ನು ಹಿಡಿದುಕೊಂಡು ಓದಿದರೆ ಹೆಸರುಗಳು ತಾವಾಗಿಯೇ ಜಾಗ ಹಿಡಿಯುತ್ತವೆ. ಆ ಪ್ರಶ್ನೆಯೇ ಮೇಲಿನ ತಲೆಬರಹ.

ಹಾಸನದ ಸುತ್ತಲಿನ ಯಾವುದೇ ಊರಿನ ಕೆರೆ ತೆಗೆದುಕೊಳ್ಳಿ. ಅದಕ್ಕೆ ಬಿಟ್ಟ ಕಾಟ್ಲಾ, ರೋಹು, ಮೃಗಾಲ್ ಮೂರೂ ಗೆಂಡೆ (ಕಾರ್ಪ್) ಜಾತಿಯವು, ಉತ್ತರದ ದೊಡ್ಡ ನದಿಗಳ ಮೀನು. ಮಳೆಗಾಲದ ಹೊತ್ತಿಗೆ ಹೆಣ್ಣಿನ ಹೊಟ್ಟೆ ಉಬ್ಬಿರುತ್ತದೆ. ಆದರೆ ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. ಅದೇ ಕೆರೆಯ ಸಾಮಾನ್ಯ ಗೆಂಡೆ ನೀರುಗಿಡಗಳಿಗೆ ಮೊಟ್ಟೆ ಅಂಟಿಸಿ ಆರಾಮಾಗಿ ಇರುತ್ತದೆ. ಇನ್ನು ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಹತ್ತುಮೀನು ಗೊತ್ತೇ ಇದೆ. ಮೊದಲ ಜೋರು ಮಳೆಗೆ ಹಳ್ಳದಿಂದ ಗದ್ದೆಗೆ ಏರಿ ಬರುವ, ಮೊಟ್ಟೆ ತುಂಬಿದ ಮೀನು. ಹೊಸ ನೀರು, ಹರಿವು, ತಂಪು ಇವೆಲ್ಲ ಅದರ ಮಿದುಳಿಗೆ ಒಂದು ಸುದ್ದಿ ಮುಟ್ಟಿಸುತ್ತವೆ. ಕೆರೆಯ ರೋಹುವಿಗೆ ಆ ಸುದ್ದಿ ಮುಟ್ಟುವುದಿಲ್ಲ. ಮುಟ್ಟದಿದ್ದಾಗ ಮೈಯೊಳಗೆ ಕೆಲಸ ಯಾವ ಹಂತದಲ್ಲಿ ನಿಲ್ಲುತ್ತದೆ ಅನ್ನುವುದೇ ಈ ಪಾಠದ ತಿರುಳು.

ಮೊಟ್ಟೆ ತುಂಬುವುದು ಬೇರೆ, ಬಲಿಯುವುದು ಬೇರೆ

ಮೇಲಿನಿಂದ ಕೆಳಕ್ಕೆ ದಾರಿ ಸುಲಭ. ಮಿದುಳಿನ ಹೈಪೊಥಲಾಮಸ್ ಎಂಬ ಭಾಗ ಜಿಎನ್‌ಆರ್‌ಎಚ್ ಎಂಬ ಹಾರ್ಮೋನು ಬಿಡುತ್ತದೆ, ಅದರ ಕೆಳಗಿನ ಪಿಟ್ಯುಟರಿ ಗ್ರಂಥಿ ಎಫ್‌ಎಸ್‌ಎಚ್ ಮತ್ತು ಎಲ್‌ಎಚ್ ಎಂಬ ಹಾರ್ಮೋನು ಬಿಡುತ್ತದೆ, ಅವು ಅಂಡಾಶಯಕ್ಕೆ ಹೋಗುತ್ತವೆ. ಹಳೆಯ ಪುಸ್ತಕಗಳಲ್ಲಿ ಜಿಟಿಎಚ್-1, ಜಿಟಿಎಚ್-2 ಅಂತ ಕಂಡರೆ ಗಾಬರಿ ಬೇಡ. ಒಂದನೆಯದು ಎಫ್‌ಎಸ್‌ಎಚ್, ಎರಡನೆಯದು ಎಲ್‌ಎಚ್. ನನ್ನ ಶಾರ್ಟ್‌ಕಟ್: ಎಫ್ ತುಂಬಿಸುತ್ತದೆ, ಎಲ್ ಬಿಡಿಸುತ್ತದೆ. ಪೂರ್ತಿ ನಿಖರ ಅಲ್ಲ, ಆದರೆ ಪರೀಕ್ಷೆಯಲ್ಲಿ ಕೈಬಿಡುವುದಿಲ್ಲ.

ಕಷ್ಟ ಶುರುವಾಗುವುದು ಅಂಡಾಶಯದ ಒಳಗೆ. ನನಗೆ ಜಾಸ್ತಿ ಹೊತ್ತು ಹಿಡಿದದ್ದು ಇಲ್ಲೇ. ಹಾಗಾಗಿ ನಿಧಾನಕ್ಕೆ ಬರೆಯುತ್ತೇನೆ.

ಬೆಳೆಯುತ್ತಿರುವ ಒಂದೊಂದು ಮೊಟ್ಟೆಯ ಸುತ್ತಲೂ ಎರಡು ಪದರ ಕೋಶಗಳಿವೆ. ಹೊರಗಿನದು ಥೀಕಾ, ಒಳಗಿನದು ಗ್ರಾನ್ಯುಲೋಸಾ. ಒಂದು ಪದರ ಅರ್ಧ ಕೆಲಸ ಮಾಡಿ ಇನ್ನೊಂದಕ್ಕೆ ದಾಟಿಸುತ್ತದೆ. ಮೊದಲ ಹಂತದಲ್ಲಿ ಥೀಕಾ ಕೊಲೆಸ್ಟೆರಾಲ್‌ನಿಂದ ಶುರು ಮಾಡಿ ಟೆಸ್ಟೊಸ್ಟೆರಾನ್ ತನಕ ಬರುತ್ತದೆ. ಹೆಣ್ಣು ಮೀನಿನಲ್ಲಿ ಟೆಸ್ಟೊಸ್ಟೆರಾನ್ ಯಾಕೆ ಅಂತ ಕೇಳಬೇಡಿ, ಅದು ಕಚ್ಚಾ ಸಾಮಗ್ರಿ ಅಷ್ಟೇ. ಗ್ರಾನ್ಯುಲೋಸಾದಲ್ಲಿ ಅರೊಮಟೇಸ್ ಎಂಬ ಕಿಣ್ವ ಅದನ್ನು ಎಸ್ಟ್ರಾಡಯಾಲ್ ಆಗಿ ಬದಲಿಸುತ್ತದೆ. ಎಸ್ಟ್ರಾಡಯಾಲ್ ರಕ್ತದಲ್ಲಿ ಪಿತ್ತಜನಕಾಂಗಕ್ಕೆ ಹೋಗುತ್ತದೆ. ಪಿತ್ತಜನಕಾಂಗ ವೈಟೆಲ್ಲೊಜೆನಿನ್ ಎಂಬ ದೊಡ್ಡ ಪ್ರೋಟೀನ್ ತಯಾರಿಸಿ ಮತ್ತೆ ರಕ್ತಕ್ಕೆ ಬಿಡುತ್ತದೆ. ಮೊಟ್ಟೆ ಅದನ್ನು ಹೀರಿಕೊಂಡು, ತುಂಡು ಮಾಡಿ, ಹಳದಿಯಾಗಿ ಕೂಡಿಡುತ್ತದೆ. ಅಂದರೆ ಮೊಟ್ಟೆಯ ಹಳದಿ ಹುಟ್ಟುವುದು ಅಂಡಾಶಯದಲ್ಲಿ ಅಲ್ಲ, ಪಿತ್ತಜನಕಾಂಗದಲ್ಲಿ. ಇದನ್ನು ಪ್ರಶ್ನೆಪತ್ರಿಕೆಯಲ್ಲಿ ಸುತ್ತಿ ಬಳಸಿ ಕೇಳುತ್ತಾರೆ.

ಕೆರೆಯ ರೋಹು ಇಲ್ಲಿಯವರೆಗೆ ಬಂದಿರುತ್ತದೆ. ಹೊಟ್ಟೆ ಉಬ್ಬಿರುವುದು ಇದರಿಂದಲೇ. ಆದರೆ ಮೊಟ್ಟೆಯೊಳಗಿನ ದೊಡ್ಡ ಕೋಶಕೇಂದ್ರ ಇನ್ನೂ ಮೊದಲ ಮಿಯೋಸಿಸ್‌ನ (ವರ್ಣತಂತುಗಳನ್ನು ಅರ್ಧಕ್ಕಿಳಿಸುವ ಕೋಶವಿಭಜನೆ) ನಡುವೆ ನಿಂತಿದೆ. ಈ ಮೊಟ್ಟೆಗೆ ವೀರ್ಯ ಸೇರಿಸಿದರೂ ಮರಿಯಾಗುವುದಿಲ್ಲ.

ಎರಡನೇ ಹಂತಕ್ಕೆ ಎಲ್‌ಎಚ್ ಒಮ್ಮೆಲೇ ಏರಬೇಕು. ಏರಿದಾಗ ಆಗುವ ಮುಖ್ಯ ಬದಲಾವಣೆ ಎಂದರೆ, ಅವೇ ಎರಡು ಪದರಗಳು ಈಗ ಬೇರೆ ಹಾರ್ಮೋನು ತಯಾರಿಸುತ್ತವೆ. ಥೀಕಾ ಟೆಸ್ಟೊಸ್ಟೆರಾನ್‌ವರೆಗೆ ಹೋಗದೆ 17-ಆಲ್ಫಾ-ಹೈಡ್ರಾಕ್ಸಿ-ಪ್ರೊಜೆಸ್ಟೆರಾನ್‌ನಲ್ಲೇ ನಿಂತು ಅದನ್ನು ಒಳಕ್ಕೆ ದಾಟಿಸುತ್ತದೆ. ಗ್ರಾನ್ಯುಲೋಸಾದಲ್ಲಿ ಅರೊಮಟೇಸ್ ಇಳಿದು, 20-ಬೀಟಾ-ಎಚ್‌ಎಸ್‌ಡಿ ಎಂಬ ಇನ್ನೊಂದು ಕಿಣ್ವ ಏರಿರುತ್ತದೆ. ಅದು ಮಾಡುವ ಹೊಸ ಸ್ಟಿರಾಯ್ಡ್‌ಗೆ (ಕೊಲೆಸ್ಟೆರಾಲ್‌ನಿಂದಾಗುವ ಹಾರ್ಮೋನಿಗೆ) ಗೆಂಡೆ, ಸಾಲ್ಮನ್ ಮೊದಲಾದ ಮೀನುಗಳಲ್ಲಿ 17,20-ಬೀಟಾ-ಪಿ ಅಥವಾ ಡಿಎಚ್‌ಪಿ ಎನ್ನುತ್ತಾರೆ. ಹೆಸರಿನಲ್ಲಿ 20 ಕಂಡರೆ ಅದು ಬಲಿಯುವ ಹಂತದ್ದು ಅಂತ ಗುರುತಿಟ್ಟುಕೊಳ್ಳಿ.

ಡಿಎಚ್‌ಪಿ ಮೊಟ್ಟೆಯ ಹೊರಪೊರೆಯ ಮೇಲೆಯೇ ಕೂತು ಕೆಲಸ ಮಾಡುತ್ತದೆ. ಸ್ಟಿರಾಯ್ಡ್ ಎಂದರೆ ಕೋಶಕೇಂದ್ರದೊಳಗೆ ಹೋಗಬೇಕು ಎಂಬ ಪಿಯುಸಿ ನಿಯಮ ಇಲ್ಲಿ ನಡೆಯುವುದಿಲ್ಲ. ಒಳಗೆ ಸೈಕ್ಲಿನ್-ಬಿ ಮತ್ತು ಸಿಡಿಸಿ-2 ಎಂಬ ಎರಡು ಪ್ರೋಟೀನ್ ಕೂಡಿ, ಮೊಟ್ಟೆ ಬಲಿಸುವ ಎಂಪಿಎಫ್ ಚುರುಕಾಗುತ್ತದೆ. ಕೋಶಕೇಂದ್ರ ಅಂಚಿಗೆ ಸರಿದು ಕರಗುತ್ತದೆ. ಮಿಯೋಸಿಸ್ ಮುಂದುವರಿಯುತ್ತದೆ. ಇದು ಬಲಿಯುವುದು. ಆಮೇಲೆ ಮೊಟ್ಟೆ ತನ್ನ ಪದರಗಳನ್ನು ಬಿಟ್ಟು ಹೊರಬರುವುದು ಅಂಡೋತ್ಸರ್ಗ. ಮೈಯಿಂದ ನೀರಿಗೆ ಬೀಳುವುದು ಮೂರನೆಯ ಸಂಗತಿ. ಮೂರನ್ನೂ ಒಂದೇ ಅಂತ ಬರೆದರೆ ಅಂಕ ಹೋಗುತ್ತದೆ.

ಕೋಶಕೇಂದ್ರ ಸರಿದಿದೆಯೋ ಇಲ್ಲವೋ ನೋಡುವ ದಾರಿಯೂ ಇದೆ. ಸಣ್ಣ ನಳಿಕೆಯಿಂದ ನಾಲ್ಕಾರು ಮೊಟ್ಟೆ ತೆಗೆದು, ಆಲ್ಕೊಹಾಲ್, ಫಾರ್ಮಲಿನ್, ಅಸಿಟಿಕ್ ಆಮ್ಲ 6:3:1 ಬೆರೆಸಿದ ದ್ರಾವಣಕ್ಕೆ ಹಾಕಬೇಕು. ಮೊಟ್ಟೆ ತಿಳಿಯಾಗಿ ಕೋಶಕೇಂದ್ರ ಕಾಣುತ್ತದೆ. ಸರಿಯಲು ಶುರುವೂ ಆಗದೆ ನಡುವೆಯೇ ಇದ್ದರೆ ಆ ಮೀನಿಗೆ ಮೊಟ್ಟೆ ಇಡಿಸುವ ಹಾರ್ಮೋನು ಚುಚ್ಚುವುದು ದಂಡ.

ಚುಚ್ಚುಮದ್ದು ಎಲ್ಲಿಗೆ ಹೋಗಿ ತಾಗುತ್ತದೆ

ಜಿಎನ್‌ಆರ್‌ಎಚ್ ಕೊಟ್ಟರೆ ಎಲ್‌ಎಚ್ ಬರಬೇಕಲ್ವಾ? ಗೆಂಡೆ ಜಾತಿಯಲ್ಲಿ ಅಷ್ಟು ಸಲೀಸಲ್ಲ. ಇವುಗಳಲ್ಲಿ ಡೊಪಮೈನ್ ಎಂಬ ಇನ್ನೊಂದು ಸಂದೇಶ ಪಿಟ್ಯುಟರಿಯನ್ನು ಅದುಮಿ ಹಿಡಿದಿರುತ್ತದೆ. ಕೆರೆಗೆ ಎಷ್ಟು ನೀರು ಬಂದರೂ ತೂಬು ಮುಚ್ಚಿದ್ದರೆ ಗದ್ದೆಗೆ ಇಳಿಯುವುದಿಲ್ಲ, ಹಾಗೆ. ಅದಕ್ಕೇ ಓವಾಪ್ರಿಮ್‌ನಂಥ ಮದ್ದಿನಲ್ಲಿ ಎರಡು ವಸ್ತು ಇವೆ. ಪ್ರತಿ ಮಿಲಿಲೀಟರಿಗೆ 20 ಮೈಕ್ರೋಗ್ರಾಂ ಸಾಲ್ಮನ್ ಜಿಎನ್‌ಆರ್‌ಎಚ್‌ನ ಕೃತಕ ರೂಪ, ಜೊತೆಗೆ 10 ಮಿಲಿಗ್ರಾಂ ಡೊಂಪೆರಿಡೋನ್. ಡೊಂಪೆರಿಡೋನ್ ಅಂದರೆ ನಾವು ವಾಂತಿಗೆ ನುಂಗುವ ಅದೇ ಮಾತ್ರೆಯ ವಸ್ತು. ಅದು ಡೊಪಮೈನ್‌ನ ಹಿಡಿತ ಬಿಡಿಸುತ್ತದೆ.

ಇಲ್ಲೊಂದು ಚೆಂದದ ಅಂಶ. ಡೊಂಪೆರಿಡೋನ್ ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆಯನ್ನು ಸರಿಯಾಗಿ ದಾಟುವುದಿಲ್ಲ. ಆದರೂ ಕೆಲಸ ಆಗುತ್ತದೆ. ಡೊಪಮೈನ್ ತರುವ ನರಗಳು ಮೀನಿನಲ್ಲಿ ಪಿಟ್ಯುಟರಿಯ ಒಳಗೇ ಇಳಿದುಬಂದು ಅಲ್ಲೇ ಅದನ್ನು ಬಿಡುತ್ತವೆ. ಪಿಟ್ಯುಟರಿಗೆ ಆ ತಡೆಗೋಡೆ ಇಲ್ಲ.

ಹಳೆಯ ವಿಧಾನ ಪಿಟ್ಯುಟರಿ ಸಾರದ್ದು. ಬೇರೆ ಮೀನಿನ ಪಿಟ್ಯುಟರಿ ತೆಗೆದು ಅರೆದು ಚುಚ್ಚುವುದು. ಒಡಿಶಾದ ಅಂಗುಲ್‌ನಲ್ಲಿ 1957ರ ಜುಲೈ 10ರಂದು ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುಂಞಿ ಈ ರೀತಿ ದೊಡ್ಡ ಗೆಂಡೆಗಳಿಂದ ಮರಿ ಮಾಡಿಸಿದರು. ಜುಲೈ 10 ರಾಷ್ಟ್ರೀಯ ಮೀನು ಕೃಷಿಕರ ದಿನ ಆಗಿರುವುದು ಇದಕ್ಕೇ. ಸಾರದಲ್ಲಿ ಎಲ್‌ಎಚ್ ತಯಾರಾಗಿಯೇ ಇರುವುದರಿಂದ ಅದು ನೇರ ಅಂಡಾಶಯಕ್ಕೆ ತಾಗುತ್ತದೆ. ಡೊಪಮೈನ್ ಇದ್ದರೂ ಇಲ್ಲದಿದ್ದರೂ ಒಂದೇ. ಓವಾಪ್ರಿಮ್ ಮೀನಿನ ಸ್ವಂತ ಎಲ್‌ಎಚ್ ಅನ್ನು ಹೊರಡಿಸುತ್ತದೆ. ಎರಡರ ವ್ಯತ್ಯಾಸ ಕೇಳಿದರೆ ಇಷ್ಟು ಬರೆದರೆ ಸಾಕು. ಎರಡರಲ್ಲಿ ಯಾವುದೂ ಹೊಸ ಮೊಟ್ಟೆ ಬೆಳೆಸುವುದಿಲ್ಲ, ತುಂಬಿದ್ದನ್ನು ಬಲಿಸುತ್ತದೆ ಅಷ್ಟೇ. ಜನವರಿಯಲ್ಲಿ ಸುಮ್ನೆ ಚುಚ್ಚಿದರೆ ಏನೂ ಬರುವುದಿಲ್ಲ.

ನೀರು 28 ಡಿಗ್ರಿ ಆಸುಪಾಸು ಇದ್ದರೆ ಚುಚ್ಚಿದ 8ರಿಂದ 12 ಗಂಟೆಯೊಳಗೆ ಮೊಟ್ಟೆ ಬರುತ್ತದೆ. ಹಾಸನ ಸುಮಾರು 950 ಮೀಟರ್ ಎತ್ತರದಲ್ಲಿದೆ. ಜಡಿಮಳೆಯ ದಿನಗಳಲ್ಲಿ ತೊಟ್ಟಿಯ ನೀರು ಅದಕ್ಕಿಂತ ತಂಪು. ಆಗ ಎಲ್ಲವೂ ನಿಧಾನ. ಪುಸ್ತಕದ ಗಂಟೆ ನೋಡಿ ಮೊಟ್ಟೆಗಾಗಿ ಮೀನಿನ ಹೊಟ್ಟೆ ಹಿಂಡಲು ಹೋಗಬಾರದು.

ಮೊಟ್ಟೆಯಿಂದ ಮರಿ

ಇದು ನನಗೆ ಸುಲಭ ಅನಿಸಿತು, ಬೇಗ ಮುಗಿಸುತ್ತೇನೆ. ಗೆಂಡೆಯ ವೀರ್ಯಾಣು ಗಂಡಿನ ಮೈಯೊಳಗೆ ಅಲುಗಾಡದೆ ಇರುತ್ತದೆ. ಸಿಹಿನೀರು ತಾಗಿ ಸುತ್ತಲಿನ ಲವಣ ಇಳಿದ ಕ್ಷಣ ಓಡಲು ಶುರು. ಓಟ ಒಂದು ನಿಮಿಷದ ಆಸುಪಾಸು ಮಾತ್ರ. ಅಷ್ಟರಲ್ಲಿ ಮೊಟ್ಟೆಯ ಒಂದೇ ಒಂದು ರಂಧ್ರ, ಮೈಕ್ರೊಪೈಲ್, ಸಿಗಬೇಕು. ಕೃತಕ ಗರ್ಭಧಾರಣೆಯಲ್ಲಿ ಮೊದಲು ಒಣ ಪಾತ್ರೆಯಲ್ಲಿ ಬೆರೆಸಿ ಆಮೇಲೆ ನೀರು ಹಾಕುವುದು ಇದಕ್ಕಾಗಿ. ನಂತರ ಮೊಟ್ಟೆ ನೀರು ಕುಡಿದು ಉಬ್ಬುತ್ತದೆ. ಹಳದಿಯ ಮೇಲಿನ, ಭ್ರೂಣವಾಗುವ ಸಣ್ಣ ತಟ್ಟೆ ಮಾತ್ರ ಸೀಳಿ ಕೋಶಗಳಾಗುತ್ತದೆ, ಹಳದಿ ಸೀಳುವುದಿಲ್ಲ. ಬೆಚ್ಚಗಿನ ನೀರಿನಲ್ಲಿ ರೋಹು 14ರಿಂದ 20 ಗಂಟೆಯಲ್ಲಿ ಒಡೆಯುತ್ತದೆ. ಹಳದಿ ಚೀಲ ಕರಗಲು ಇನ್ನು ಮೂರು ದಿನ ಬೇಕು. ಶೃಂಗೇರಿಯಲ್ಲಿ ಪುರಿಗೆ ಬಾಯಿ ತೆರೆದು ಬರುವ ಮಹಶೀರ್‌ನ ಲೆಕ್ಕ ಬೇರೆ. ಮೊಟ್ಟೆ ದೊಡ್ಡದು, ಸಂಖ್ಯೆ ಕಡಿಮೆ, ಒಡೆಯಲು ದಿನಗಳೇ ಬೇಕು.

ಒತ್ತಡ ಎಲ್ಲಿ ಬಂದು ಸೇರುತ್ತದೆ

ಬಲೆ ಎಳೆಯುವುದು, ನೀರಿನಿಂದ ಎತ್ತುವುದು, ಕಿಕ್ಕಿರಿಸಿ ಸಾಗಿಸುವುದು. ಮೀನಿಗೆ ಇವೆಲ್ಲ ಒತ್ತಡ. ಮೊದಲ ಸೆಕೆಂಡುಗಳಲ್ಲಿ ಅಡ್ರಿನಲಿನ್ ಏರುತ್ತದೆ. ನಿಮಿಷಗಳಲ್ಲಿ ಕಾರ್ಟಿಸಾಲ್ ಏರುತ್ತದೆ. ಮೀನಿನಲ್ಲಿ ನಮ್ಮ ಹಾಗೆ ಪ್ರತ್ಯೇಕ ಅಡ್ರಿನಲ್ ಗ್ರಂಥಿ ಇಲ್ಲ. ತಲೆಯ ಹಿಂದಿರುವ ಮೂತ್ರಪಿಂಡದ ಮುಂಭಾಗದಲ್ಲಿ ಇಂಟರ್‌ರೀನಲ್ ಕೋಶಗಳಿವೆ, ಅವೇ ಕಾರ್ಟಿಸಾಲ್ ಮಾಡುತ್ತವೆ. ಅದಕ್ಕೇ ಈ ದಾರಿಗೆ ಎಚ್‌ಪಿಎ (ಹೈಪೊಥಲಾಮಸ್-ಪಿಟ್ಯುಟರಿ-ಅಡ್ರಿನಲ್) ಬದಲು ಎಚ್‌ಪಿಐ (ಕೊನೆಯದು ಇಂಟರ್‌ರೀನಲ್) ಎನ್ನುವುದು. ಇನ್ನೊಂದು ವಿಷಯ: ನಮ್ಮಲ್ಲಿ ಲವಣ ಕಾಯುವ ಅಲ್ಡೊಸ್ಟೆರಾನ್ ಹಾರ್ಮೋನು ಇಂಥ ಮೀನಿನಲ್ಲಿ ಇಲ್ಲ. ಲವಣದ ಸಮತೋಲನದಲ್ಲೂ ಕಾರ್ಟಿಸಾಲ್‌ಗೆ ಪಾತ್ರ ಇದೆ. ಸಿಹಿನೀರಿನ ಮೀನು ಗಾಬರಿಯಾದಾಗ ಕಿವಿರಿನಿಂದ ಲವಣ ಸೋರುತ್ತದೆ. ಸಾಗಿಸುವ ನೀರಿಗೆ ಸ್ವಲ್ಪ ಉಪ್ಪು ಹಾಕುವುದರ ಕಾರಣ ಇದು.

ಈಗ ಮೊದಲ ಪ್ರಶ್ನೆಗೆ ಇದನ್ನು ಹೊಲಿಯಿರಿ. ದೀರ್ಘಕಾಲ ಏರಿದ ಕಾರ್ಟಿಸಾಲ್ ಎಸ್ಟ್ರಾಡಯಾಲ್, ವೈಟೆಲ್ಲೊಜೆನಿನ್ ಎರಡನ್ನೂ ತಗ್ಗಿಸಬಲ್ಲದು. ಅಂದರೆ ಪೆಟ್ಟು ತುಂಬುವ ಹಂತಕ್ಕೇ ಬೀಳುತ್ತದೆ. ರೇನ್‌ಬೋ ಟ್ರೌಟ್ ಮೇಲಿನ ಪ್ರಯೋಗಗಳಲ್ಲಿ, ತಿಂಗಳುಗಟ್ಟಲೆ ಆಗಾಗ ಒತ್ತಡಕ್ಕೆ ಸಿಕ್ಕ ಹೆಣ್ಣುಗಳ ಮೊಟ್ಟೆ ಚಿಕ್ಕದಾದವು, ಮರಿಗಳು ಬದುಕಿದ್ದೂ ಕಡಿಮೆ. ಹಾಗಂತ ಕಾರ್ಟಿಸಾಲ್ ಶತ್ರು ಅಂತ ಬರೆಯಬೇಡಿ. ಹಲವು ಮೀನುಗಳಲ್ಲಿ ಮೊಟ್ಟೆ ಇಡುವ ಹೊತ್ತಿಗೆ ಅದು ಸಹಜವಾಗಿಯೇ ಏರುತ್ತದೆ. ಎಷ್ಟು ಹೊತ್ತು, ಯಾವ ಹಂತದಲ್ಲಿ ಎನ್ನುವುದು ಮುಖ್ಯ.

ಮೊಟ್ಟೆಯೊಳಗೂ ತಾಯಿಯ ಕಾರ್ಟಿಸಾಲ್ ಇರುತ್ತದೆ. ಜೀಬ್ರಾಫಿಶ್‌ನಲ್ಲಿ ಇದನ್ನು ಚೆನ್ನಾಗಿ ಅಳೆದಿದ್ದಾರೆ. ತಾಯಿ ಕೊಟ್ಟದ್ದು ಮೊಟ್ಟೆ ಒಡೆಯುವ ಹೊತ್ತಿಗೆ ಕರಗುತ್ತಾ ಬಂದು, ನಂತರ ಮರಿಯ ಸ್ವಂತದ್ದು ಏರುತ್ತದೆ. ಆದರೆ ಹೊರಗಿನ ಒತ್ತಡಕ್ಕೆ ಕಾರ್ಟಿಸಾಲ್ ಏರಿಸಿ ಉತ್ತರ ಕೊಡುವುದು ಗರ್ಭಧಾರಣೆಯಾದ ಸುಮಾರು ನಾಲ್ಕನೇ ದಿನದಿಂದ. ಹಾಗಾಗಿ ಗ್ರಾಫ್ ಕೊಟ್ಟು ಕೇಳಿದರೆ ಮೊದಲು ಇಳಿಜಾರು, ಆಮೇಲೆ ಏರು. ಆ ಇಳಿಜಾರಿನ ಭಾಗ ಪೂರ್ತಿ ತಾಯಿಯ ಲೆಕ್ಕ. ಆದರೆ ಅಲ್ಲಿ ಭ್ರೂಣಕ್ಕೆ ಒತ್ತಡ ಇಲ್ಲ ಅಂತ ಬರೆದರೆ ತಪ್ಪು. ಒತ್ತಡ ಇದ್ದರೂ ಕಾರ್ಟಿಸಾಲ್‌ನಲ್ಲಿ ಅದು ಕಾಣುವುದಿಲ್ಲ.