ಟಿಡಿಪಿ: ಕರೆಂಟ್ ಬಿಲ್ಲಿನ ಲೆಕ್ಕಕ್ಕೆ ಬಾರದ ಸಂಖ್ಯೆ

"65 ವ್ಯಾಟಿಂದೇ ತಗೊಳ್ಳಿ, ಕರೆಂಟ್ ಕಮ್ಮಿ ಎಳೆಯುತ್ತೆ." ಡೆಸ್ಕ್‌ಟಾಪ್ ಜೋಡಿಸಲು ಹೊರಟವರಿಗೆಲ್ಲ ಈ ಸಲಹೆ ಸಿಕ್ಕೇ ಸಿಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಿಂದ ಯೂಟ್ಯೂಬ್ ವಿಡಿಯೊವರೆಗೆ, ಪ್ರೊಸೆಸರಿನ ಟಿಡಿಪಿಯನ್ನು, ಅಂದರೆ ಅದರ ಹೆಸರಿನ ಜೊತೆ ವ್ಯಾಟಿನಲ್ಲಿ ಬರೆಯುವ ಅಂಕಿಯನ್ನು, ಬಲ್ಬಿನ ಮೇಲಿನ ವ್ಯಾಟ್ ಓದುವ ಹಾಗೆ ಓದುವುದು ರೂಢಿಯಾಗಿಬಿಟ್ಟಿದೆ. ಅದನ್ನೇ ನಂಬಿ ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಆರಿಸುತ್ತಾರೆ, ಪ್ರೊಸೆಸರನ್ನು ತಣಿಸುವ ಕೂಲರ್ ಆರಿಸುತ್ತಾರೆ, ಯುಪಿಎಸ್ ಕೂಡ ಆರಿಸುತ್ತಾರೆ. ಮೂರೂ ಕಡೆ ಲೆಕ್ಕ ತಪ್ಪುತ್ತದೆ.

ಇದನ್ನು ತಿದ್ದಲು ಬರುವವರು ಇನ್ನೊಂದು ತಪ್ಪು ಹೇಳಿ ಹೋಗುತ್ತಾರೆ: "ಟಿಡಿಪಿ ಅಂದರೆ ಶಾಖ, ವಿದ್ಯುತ್ ಅಲ್ಲ." ಕೇಳಲು ಜಾಣತನದ ಮಾತು. ಆದರೆ ಪ್ರೊಸೆಸರ್ ಯಾವ ಭಾರವನ್ನೂ ಎತ್ತುವುದಿಲ್ಲ, ಏನನ್ನೂ ತಿರುಗಿಸುವುದಿಲ್ಲ. ಒಳಗೆ ಹೋದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬರಬೇಕು. 200 ವ್ಯಾಟ್ ಎಳೆಯುವ ಚಿಪ್ 200 ವ್ಯಾಟ್ ಶಾಖವನ್ನೇ ಕಕ್ಕುತ್ತದೆ. ಹಾಗಾಗಿ ಶಾಖ ಬೇರೆ, ವಿದ್ಯುತ್ ಬೇರೆ ಎಂದು ಗೆರೆ ಎಳೆದರೆ ಗೊಂದಲ ಒಂದಿಷ್ಟೂ ತಿಳಿಯಾಗುವುದಿಲ್ಲ. ಕೇಳಬೇಕಾದದ್ದು ಬೇರೆಯೇ: ಯಾವ ಕೆಲಸ ಮಾಡುವಾಗ, ಯಾವ ವೇಗದಲ್ಲಿ, ಎಷ್ಟು ಹೊತ್ತು?

ಪೂರ್ತಿ ಹೆಸರು ಥರ್ಮಲ್ ಡಿಸೈನ್ ಪವರ್. ನಡುವಿನ 'ಡಿಸೈನ್' ಅನ್ನು ಎಲ್ಲರೂ ನುಂಗಿಬಿಡುತ್ತಾರೆ, ಅರ್ಥವೆಲ್ಲ ಇರುವುದು ಅಲ್ಲೇ. ಕೂಲರ್ ವಿನ್ಯಾಸ ಮಾಡುವ ಎಂಜಿನಿಯರಿಗೆ ಚಿಪ್ ತಯಾರಕರು ಕೊಡುವ ಗುರಿ ಇದು. ಇಂಟೆಲ್ ಬಹುಕಾಲ ಬಳಸಿದ ವ್ಯಾಖ್ಯೆಯ ಪ್ರಕಾರ, ಎಲ್ಲ ಕೋರ್‌ಗಳೂ (ಚಿಪ್ಪಿನೊಳಗೆ ಲೆಕ್ಕ ಮಾಡುವ ಘಟಕಗಳು) ಬೇಸ್ ವೇಗದಲ್ಲಿ, ಅಂದರೆ ಚಿಪ್ಪಿನ ಮೂಲ ವೇಗದಲ್ಲಿ ಓಡುತ್ತ, ಇಂಟೆಲ್ ತಾನೇ ಗೊತ್ತುಮಾಡಿದ ಒಂದು ಭಾರಿ ಕೆಲಸ ಮಾಡುವಾಗ ಸರಾಸರಿ ಹೊರಬೀಳುವ ಪವರ್ ಅದು. ಬೇಸ್ ವೇಗ ಎಂಬ ಮಾತನ್ನು ಗಮನಿಸಿ. ಟರ್ಬೊ, ಅಂದರೆ ಅಗತ್ಯ ಬಿದ್ದಾಗ ಚಿಪ್ ತಾನೇ ವೇಗ ಏರಿಸಿಕೊಳ್ಳುವ ವ್ಯವಸ್ಥೆ ಬರುವ ಮುಂಚೆ ಚಿಪ್ ಡಬ್ಬಿಯ ಮೇಲೆ ಬರೆದ ವೇಗಕ್ಕಿಂತ ಮೇಲೆ ಹೋಗುತ್ತಿರಲಿಲ್ಲ, ಆದ್ದರಿಂದ ಆ ಸಂಖ್ಯೆಗೂ ನಿಜಕ್ಕೂ ಅಷ್ಟೇನೂ ದೂರವಿರಲಿಲ್ಲ. 2008ರ ಕೊನೆಗೆ ಮೊದಲ ಕೋರ್ ಐ7 ಜೊತೆ ಟರ್ಬೊ ಬೂಸ್ಟ್ ಡೆಸ್ಕ್‌ಟಾಪಿಗೆ ಬಂದಿತು, ಬಿರುಕು ಶುರುವಾಯಿತು. ಹತ್ತು ವರ್ಷ ಕಳೆದು ಬಂದ ಐ9-9900ಕೆ ನೋಡಿ: ಟಿಡಿಪಿ 95 ವ್ಯಾಟ್, ಬೇಸ್ ವೇಗ 3.6 ಗಿಗಾಹರ್ಟ್ಸ್. ಅದನ್ನು 3.6ರಲ್ಲಿ ಓಡಿಸಲು ಕೊಂಡವರು ಯಾರಿದ್ದಾರೆ? ಎಂಟೂ ಕೋರ್ 4.7ರಲ್ಲಿ ಓಡುತ್ತ ರೆಂಡರಿಂಗ್ (ವಿಡಿಯೊ, 3ಡಿ ಚಿತ್ರ ಸಿದ್ಧಗೊಳಿಸುವ ಭಾರಿ ಕೆಲಸ) ಮಾಡುವಾಗ ಅದು 150 ವ್ಯಾಟ್ ಸಲೀಸಾಗಿ ದಾಟುತ್ತಿತ್ತು.

ಇನ್ನೊಂದು ಚಿಪ್ ಕಂಪನಿ ಎಎಂಡಿಯ ದಾರಿಯೇ ಬೇರೆ. ಅಲ್ಲಿ ಟಿಡಿಪಿ ಒಂದು ಸೂತ್ರದಿಂದ ಹುಟ್ಟುತ್ತದೆ: ಚಿಪ್ಪಿನ ಮುಚ್ಚಳದ ಗರಿಷ್ಠ ಉಷ್ಣಾಂಶದಲ್ಲಿ ಕೂಲರಿಗೆ ನುಗ್ಗುವ ಗಾಳಿಯ ಉಷ್ಣಾಂಶ ಕಳೆದು, ಬಂದದ್ದನ್ನು ಕೂಲರಿನ ಶಾಖರೋಧದಿಂದ ಭಾಗಿಸುವುದು. ರೈಜೆನ್ 7 2700ಎಕ್ಸ್‌ನ ಲೆಕ್ಕ ಹೀಗೆ: 61.8ರಲ್ಲಿ 42 ಕಳೆದರೆ 19.8, ಅದನ್ನು 0.189ರಿಂದ ಭಾಗಿಸಿದರೆ ಸುಮಾರು 105. ಡಬ್ಬಿಯ ಮೇಲಿನ 105 ವ್ಯಾಟ್ ಅದೇ. ಈ ಲೆಕ್ಕದಲ್ಲಿ ಚಿಪ್ ಎಷ್ಟು ವಿದ್ಯುತ್ ಎಳೆಯುತ್ತದೆ ಎಂಬುದು ಎಲ್ಲೂ ಬರಲೇ ಇಲ್ಲ! 42 ಡಿಗ್ರಿ ಗಾಳಿಯ ಜಾಗದಲ್ಲಿ 50 ಹಾಕಿದರೆ ಉತ್ತರ 62ಕ್ಕೆ ಇಳಿಯುತ್ತದೆ, ಚಿಪ್ ಮಾತ್ರ ಅದೇ. ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ಏಸಿ ಇಲ್ಲದ ಕೋಣೆ, ಅದರೊಳಗೆ ಗ್ರಾಫಿಕ್ಸ್ ಕಾರ್ಡಿನ ಬಿಸಿ ತುಂಬಿದ ಕ್ಯಾಬಿನೆಟ್ ಎಂದರೆ 42 ದಾಟುವುದು ದೊಡ್ಡ ವಿಷಯವಲ್ಲ. ಅಲ್ಲಿನವರು ಕೂಲರಿನ ಮೇಲಿನ ಟಿಡಿಪಿ ಅಂಕಿಯನ್ನು ನಂಬಿ ಅಂಚಿಗೆ ಸರಿಯಾಗಿ ಕೊಳ್ಳಬಾರದು. ಕೂಲರ್ ಕಂಪನಿಗಳು ಆ ಅಂಕಿ ಬರೆಯಲು ಎಲ್ಲರೂ ಒಪ್ಪಿದ ಮಾನದಂಡವೂ ಇಲ್ಲ. ಕೂಲರ್ ಕಂಪನಿ ನಾಕ್ಚುವಾ ಅಂತೂ ಅದನ್ನು ಬಿಟ್ಟು ತನ್ನದೇ ಬೇರೆ ರೇಟಿಂಗ್ ಕೊಡುತ್ತದೆ.

ಎಎಂಡಿ ಚಿಪ್‌ಗಳಿಗೆ ನಿಜವಾದ ಕಡಿವಾಣ ಪಿಪಿಟಿ, ಅಂದರೆ ಪ್ಯಾಕೇಜ್ ಪವರ್ ಟ್ರ್ಯಾಕಿಂಗ್: ಚಿಪ್ ಎಳೆಯಬಹುದಾದ ವಿದ್ಯುತ್ತಿನ ಮಿತಿ. ರೈಜೆನ್ 5 7600ರ ಟಿಡಿಪಿ 65, ಪಿಪಿಟಿ 88. ರೈಜೆನ್ 9 7950ಎಕ್ಸ್‌ಗೆ 170 ಮತ್ತು 230. ಇಂಟೆಲ್ 2021ರಲ್ಲಿ 12ನೇ ಪೀಳಿಗೆಯೊಂದಿಗೆ ಟಿಡಿಪಿ ಎಂಬ ಹೆಸರನ್ನೇ ಕೈಬಿಟ್ಟು ಬೇಸ್ ಪವರ್, ಗರಿಷ್ಠ ಟರ್ಬೊ ಪವರ್ ಎಂದು ಎರಡು ಅಂಕಿ ಕೊಡತೊಡಗಿತು. ಒಳ್ಳೆಯ ಕೆಲಸ. ಅಂಗಡಿಯ ಪಟ್ಟಿಗಳು ಮಾತ್ರ ಈಗಲೂ ಮೊದಲನೆಯದನ್ನಷ್ಟೇ ಟಿಡಿಪಿ ಎಂದು ಹಾಕುತ್ತವೆ. ಐ5-12400ಎಫ್ ಅಲ್ಲಿ 65 ವ್ಯಾಟ್. ಗರಿಷ್ಠ 117 ಎಂಬುದು ಕಾಣುವುದಿಲ್ಲ. 35 ವ್ಯಾಟ್ ಎಂದು ಮಾರುವ ಐ7-12700ಟಿ 99ರವರೆಗೆ ಏರಬಲ್ಲದು.

ಆಟಕ್ಕೂ ಕೆಲಸಕ್ಕೂ ಒಂದೇ ಯಂತ್ರ ಬೇಕೆನ್ನುವವರು ಎಡವುವುದು ಇಲ್ಲೇ. ರೈಜೆನ್ 7 7800ಎಕ್ಸ್3ಡಿ 120 ವ್ಯಾಟ್, ಐ9-14900ಕೆ 125 ವ್ಯಾಟ್. ಪಟ್ಟಿ ನೋಡಿದರೆ ಅಕ್ಕತಂಗಿಯರು. ಮೊದಲನೆಯದು ಹೆಚ್ಚಿನ ಆಟಗಳಲ್ಲಿ 80 ವ್ಯಾಟನ್ನೂ ಮುಟ್ಟುವುದಿಲ್ಲ, ಎಂಟೂ ಕೋರ್‌ಗಳಿಗೆ ಪೂರ್ತಿ ಕೆಲಸ ಕೊಟ್ಟರೂ 100 ದಾಟುವುದು ಅಪರೂಪ. ಎರಡನೆಯದಕ್ಕೆ ಆಟಗಳಲ್ಲಿ 150ರ ಆಸುಪಾಸು ಸಾಮಾನ್ಯ. ಬ್ಲೆಂಡರ್‌ನಂಥ 3ಡಿ ತಂತ್ರಾಂಶದ ಕೆಲಸ ಕೊಟ್ಟರೆ ನೇರ ಇಂಟೆಲ್ ಗೊತ್ತುಮಾಡಿದ 253 ವ್ಯಾಟಿನ ಮಿತಿಗೇ ಹೋಗಿ ನಿಲ್ಲುತ್ತದೆ. ಹಾಗೆಂದು ಎರಡನೆಯದು ಕೆಟ್ಟದ್ದಲ್ಲ. ಅದರ 24 ಕೋರ್‌ಗಳು ರೆಂಡರಿಂಗ್, ಕೋಡ್ ಕಂಪೈಲ್ ಕೆಲಸವನ್ನು ಬಹಳ ಬೇಗ ಮುಗಿಸುತ್ತವೆ, ಮುಗಿದ ಮೇಲೆ ಸುಮ್ಮನಾಗುತ್ತವೆ. ದಿನವಿಡೀ ರೆಂಡರ್ ಮಾಡುವವರಿಗೆ ಎಂಟು ಕೋರಿನ ಚಿಪ್ ಕೊಡಿಸುವುದು ಅನ್ಯಾಯ. ಸಂಜೆ ಆಟವನ್ನಷ್ಟೇ ಆಡುವವರಿಗೆ 14900ಕೆ ಕೊಡಿಸುವುದೂ ಅನ್ಯಾಯವೇ, ಅದೂ ಚಿಕ್ಕ ಕೋಣೆಯಲ್ಲಿ.

ಬಿಲ್ಲಿನ ಚಿಂತೆ ಇದ್ದರೆ ಲೆಕ್ಕ ಸರಳ: 100 ವ್ಯಾಟ್ ವ್ಯತ್ಯಾಸ, ದಿನಕ್ಕೆ 4 ಗಂಟೆ, ತಿಂಗಳಿಗೆ 12 ಯೂನಿಟ್. ಪ್ರೊಸೆಸರ್ ಆಯ್ಕೆಯನ್ನೇ ಬದಲಿಸುವಷ್ಟು ದೊಡ್ಡ ಮೊತ್ತವಲ್ಲ. ಕೂಲರಿನ ದರ, ಫ್ಯಾನಿನ ಸದ್ದು, ಕೋಣೆಯ ಸೆಕೆ ಇವು ದೊಡ್ಡವು. ಬಹು ಕೋರ್ ಬೇಕು, ಬಿಸಿ ಬೇಡ ಎನ್ನುವವರು 7950ಎಕ್ಸ್ ಅನ್ನು ಪವರ್ ಮಿತಿ ತಗ್ಗಿಸುವ ಇಕೋ ಮೋಡ್‌ನಲ್ಲಿ ಓಡಿಸಲಿ. 105 ವ್ಯಾಟ್ ಟಿಡಿಪಿಗೆ ಇಳಿಸಿದರೂ ಅದು ಕಳೆದುಕೊಳ್ಳುವ ವೇಗ ಅಲ್ಪ. ಕೊನೆಯ ಕೆಲವು ಮೆಗಾಹರ್ಟ್ಸ್‌ಗಾಗಿ ಚಿಪ್ ಎಷ್ಟು ವಿದ್ಯುತ್ ಸುರಿಯುತ್ತದೆ ಎಂಬುದು ಆಗ ಗೊತ್ತಾಗುತ್ತದೆ.

ಎಸ್‌ಎಂಪಿಎಸ್ ಕೊಳ್ಳುವಾಗ ಗರಿಷ್ಠ ಟರ್ಬೊ ಪವರ್ ಅಥವಾ ಪಿಪಿಟಿಯನ್ನು ಹಿಡಿಯಿರಿ, ಅದಕ್ಕೆ ಗ್ರಾಫಿಕ್ಸ್ ಕಾರ್ಡಿನ ವ್ಯಾಟ್ ಕೂಡಿಸಿ, ಮೇಲೆ ಧಾರಾಳವಾಗಿ ಜಾಗ ಬಿಡಿ. ಇಂಟೆಲ್ ಕೆ ಸರಣಿ (ಹೆಸರಿನ ಕೊನೆಗೆ 'ಕೆ' ಇರುವ ಚಿಪ್) ಹಾಕಿದವರಿಗೆ ಇನ್ನೊಂದು ಕೆಲಸ ಬಾಕಿ: ಬಯಾಸ್‌ಗೆ (ಮದರ್ಬೋರ್ಡಿನ ಸೆಟ್ಟಿಂಗ್ಸ್ ಪರದೆ) ಹೋಗಿ ಪವರ್ ಮಿತಿ ಎಷ್ಟಿದೆ ನೋಡಿ. 12ರಿಂದ 14ನೇ ಪೀಳಿಗೆಯ ಎಷ್ಟೋ ದುಬಾರಿ ಬೋರ್ಡ್‌ಗಳು ಅದನ್ನು 4096 ವ್ಯಾಟ್ ಎಂದು, ಅಂದರೆ ಮಿತಿಯೇ ಇಲ್ಲದಂತೆ ಇಟ್ಟುಕೊಂಡು ಬರುತ್ತಿದ್ದವು. ಹಾಗಿದ್ದರೆ ಬಯಾಸ್ ಅಪ್‌ಡೇಟ್ ಮಾಡಿ, ಇಂಟೆಲ್ ಡೀಫಾಲ್ಟ್ ಸೆಟ್ಟಿಂಗ್ಸ್ ಆರಿಸಿ, ಆಮೇಲೆ ಕೂಲರ್ ಸಾಲುತ್ತದೋ ಇಲ್ಲವೋ ನೋಡಿ.