ಬಾನೆಟ್ ತಣ್ಣಗಿರುವಾಗ ಹೋಗಿ ನೋಡಿ

ಹಳೆಯ ಎಸ್‌ಯುವಿ ತಪಾಸಣೆಗೆ ಹೋದಾಗ ನಾನು ಮೊದಲು ಬಾನೆಟ್ ಮೇಲೆ ಅಂಗೈ ಇಡುತ್ತೇನೆ. ಬಿಸಿ ತಾಗಿದರೆ ಆವತ್ತಿನ ಕೆಲಸ ಅಲ್ಲಿಗೇ ಮುಗಿಯಿತು. ‘ನಾಳೆ ಬೆಳಿಗ್ಗೆ ಬರುತ್ತೇನೆ, ಅಲ್ಲಿಯವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ’ ಎಂದು ಮಾಲೀಕರಿಗೆ ಹೇಳಿ ಹೊರಟುಬಿಡುತ್ತೇನೆ. ಜೊತೆಗೆ ಬಂದ ಗಿರಾಕಿಗಳಿಗೆ ಇದು ಅತಿಯಾಯಿತು ಅನ್ನಿಸುವುದುಂಟು. ಆದರೆ ರಾತ್ರಿಯಿಡೀ ನಿಂತ ಎಂಜಿನ್ನಿನಲ್ಲಿ ಆಯಿಲ್ ಕೆಳಗಿಳಿದಿರುತ್ತದೆ. ಅನೇಕ ಎಂಜಿನ್ನುಗಳಲ್ಲಿ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಟೈಮಿಂಗ್ ಚೈನನ್ನು ಬಿಗಿಹಿಡಿಯುವ ಟೆನ್ಷನರ್ ಆಯಿಲ್ ಒತ್ತಡದಿಂದಲೇ ಕೆಲಸ ಮಾಡುತ್ತದೆ. ಚೈನ್ ಸವೆದು ಸಡಿಲವಾಗಿದ್ದರೆ ಸ್ಟಾರ್ಟ್ ಮಾಡಿದ ಮೊದಲ ಎರಡು ಮೂರು ಸೆಕೆಂಡು ಕರಕರ ಸದ್ದು ಕೇಳುತ್ತದೆ. ಆಯಿಲ್ ಸಿಲಿಂಡರಿಗೆ ಇಳಿಯದಂತೆ ತಡೆಯುವ ವಾಲ್ವ್ ಸೀಲ್ ಹೋಗಿದ್ದರೆ ಸೈಲೆನ್ಸರಿನಿಂದ ಒಂದು ಸಲ ನೀಲಿ ಹೊಗೆ ಬಂದು ನಿಲ್ಲುತ್ತದೆ. ಎಂಜಿನ್ ಬಿಸಿಯಾದ ಮೇಲೆ ಇವೆರಡೂ ಮುಚ್ಚಿಹೋಗುತ್ತವೆ. ಗಿರಾಕಿ ಬರುವ ಮೊದಲೇ ಗಾಡಿ ಓಡಿಸಿ ಇಟ್ಟಿರುವುದಕ್ಕೆ ನೂರು ಸಾಮಾನ್ಯ ಕಾರಣಗಳಿರಬಹುದು, ಒಂದು ಕೆಟ್ಟ ಕಾರಣವೂ ಇರಬಹುದು. ಒಂದು ದಿನ ಕಾಯುವುದರಿಂದ ನಮಗೇನೂ ನಷ್ಟವಿಲ್ಲ.

ಸಂಸಾರಕ್ಕೆಂದು ಮಧ್ಯಮ ಗಾತ್ರದ ಎಸ್‌ಯುವಿ ಹುಡುಕುವವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ‘ಯಾವ ಮಾಡೆಲ್ ಒಳ್ಳೆಯದು?’ ಎಂದು. ಹೊಸ ಗಾಡಿಗೆ ಅದು ಸರಿಯಾದ ಪ್ರಶ್ನೆ. ಏಳೆಂಟು ವರ್ಷ ಓಡಿದ ಗಾಡಿಯ ವಿಷಯದಲ್ಲಿ, ಅದು ಆ ಏಳೆಂಟು ವರ್ಷ ಯಾರ ಮನೆಯಲ್ಲಿ ಎಂಥ ದಿನಚರಿಗೆ ಒಗ್ಗಿಕೊಂಡಿತ್ತು ಅನ್ನುವುದೇ ಹೆಚ್ಚು ಮುಖ್ಯ. ಒಳ್ಳೆಯ ಹೆಸರಿನ ಗಾಡಿಯನ್ನು ಆಯಿಲ್ ಬದಲಿಸದೆ ಓಡಿಸಿದವರನ್ನೂ ಕಂಡಿದ್ದೇನೆ, ಸಾಧಾರಣ ಗಾಡಿಯನ್ನು ಮಗುವಿನಂತೆ ನೋಡಿಕೊಂಡವರನ್ನೂ ಕಂಡಿದ್ದೇನೆ. ಎರಡನೆಯವರ ಗಾಡಿಯನ್ನೇ ಕೊಳ್ಳಿ ಎಂದು ಕಣ್ಣು ಮುಚ್ಚಿ ಹೇಳುತ್ತೇನೆ.

ಎಲ್ಲರೂ ಮೊದಲು ನೋಡುವುದು ಕಿಲೋಮೀಟರು. ಒಮ್ಮೆ ಒಂದೇ ಮಾಡೆಲ್ಲಿನ, ಒಂದೇ ವಯಸ್ಸಿನ ಎರಡು ಡೀಸೆಲ್ ಗಾಡಿಗಳನ್ನು ಒಂದೇ ವಾರದಲ್ಲಿ ಪರೀಕ್ಷಿಸಿದೆ. ಒಂದು 41,000 ಓಡಿತ್ತು, ಇನ್ನೊಂದು 1,30,000. ಗಿರಾಕಿಯ ಮನಸ್ಸೆಲ್ಲ ಮೊದಲನೆಯದರ ಮೇಲೆ. ಗಾಡಿಯ ಕಂಪ್ಯೂಟರಿಗೆ ಜೋಡಿಸಿ ಮಾಹಿತಿ ಓದುವ ಸ್ಕ್ಯಾನರ್ ಹಾಕಿದರೆ ಅದರ ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್, ಅಂದರೆ ಹೊಗೆಯ ಮಸಿ ಹಿಡಿದಿಡುವ ಜಾಲರಿ, ಹೆಚ್ಚುಕಡಿಮೆ ತುಂಬಿಹೋಗಿತ್ತು. ಮಕ್ಕಳನ್ನು ಶಾಲೆಗೆ ಬಿಟ್ಟು ವಾಪಸು ಬರುವ ಮೂರು ನಾಲ್ಕು ಕಿಲೋಮೀಟರಿನ ಓಡಾಟವೇ ಆ ಗಾಡಿಯ ಬದುಕಾಗಿತ್ತು. ಆ ಮಸಿ ತಾನಾಗಿ ಸುಟ್ಟುಹೋಗಬೇಕಾದರೆ ಫಿಲ್ಟರ್ ಸುಮಾರು 600 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬೇಕು, ಅದಕ್ಕೆ ಒಂದಷ್ಟು ಹೊತ್ತು ಹೆದ್ದಾರಿಯ ವೇಗದಲ್ಲಿ ಬಿಡದೆ ಓಡಬೇಕು. ಅರ್ಧಕ್ಕೇ ಎಂಜಿನ್ ಆಫ್ ಮಾಡುತ್ತ ಬಂದರೆ ಮಸಿಯೂ ಉಳಿಯುತ್ತದೆ, ಸುಡಲೆಂದು ಹೆಚ್ಚುವರಿ ಹಾಯಿಸಿದ ಡೀಸೆಲ್ ಎಂಜಿನ್ ಆಯಿಲ್‌ಗೂ ಸೇರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಗುರುತಿಗಿಂತ ಮೇಲೆ ಕಂಡರೆ, ಡೀಸೆಲ್ ವಾಸನೆ ಬಂದರೆ ಇದೇ ಕಥೆ. ಎರಡನೆಯ ಗಾಡಿ ಹೆದ್ದಾರಿಯಲ್ಲೇ ಓಡಿದ್ದು, ಸರ್ವಿಸ್ ದಾಖಲೆ ಒಂದೂ ತಪ್ಪಿರಲಿಲ್ಲ. ನಾನು ಅದನ್ನೇ ಕೊಳ್ಳಲು ಹೇಳಿದೆ. ನಿಮ್ಮ ಓಡಾಟವೂ ಹೆಚ್ಚಾಗಿ ಚಿಕ್ಕ ದೂರದ್ದೇ ಆದರೆ ಡೀಸೆಲ್ ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಪೆಟ್ರೋಲ್ ಅಥವಾ ಹೈಬ್ರಿಡ್ ನೋಡಿ. ಹೈಬ್ರಿಡ್‌ಗಳಲ್ಲಿ ದೊಡ್ಡ ಬ್ಯಾಟರಿಗೆ ಗಾಳಿ ಹೋಗುವ ದಾರಿ ಎಷ್ಟೋ ಸಲ ಹಿಂದಿನ ಸೀಟಿನ ಬುಡದಲ್ಲಿರುತ್ತದೆ. ಧೂಳು, ಸಾಕುನಾಯಿಯ ಕೂದಲು ಅಲ್ಲಿ ಕಟ್ಟಿಕೊಂಡು ಬ್ಯಾಟರಿ ಬಿಸಿಯಾಗುತ್ತದೆ. ಬಗ್ಗಿ ಟಾರ್ಚ್ ಹಾಕಿ ನೋಡಲು ಅರ್ಧ ನಿಮಿಷ ಸಾಕು.

ಇನ್ನು ಆ ಕಿಲೋಮೀಟರ್ ಅಂಕಿಯೇ ನಿಜವೇ? ಡಿಜಿಟಲ್ ಓಡೋಮೀಟರನ್ನು ತಿದ್ದುವುದು ದೊಡ್ಡ ವಿದ್ಯೆಯೇನಲ್ಲ. ಆದರೆ ತಿದ್ದಿದವರು ಗಾಡಿಯ ಎಲ್ಲ ಮೂಲೆಗಳನ್ನೂ ತಿದ್ದಲಾರರು. ಬ್ರೇಕ್ ಪೆಡಲಿನ ರಬ್ಬರ್ ಗೆರೆಗಳು ಅಳಿದಿವೆಯೇ, ಸ್ಟಿಯರಿಂಗ್ ಚರ್ಮ ಸವೆದು ಹೊಳೆಯುತ್ತಿದೆಯೇ, ಚಾಲಕ ಹತ್ತಿ ಇಳಿಯುವಾಗ ಉಜ್ಜುವ ಸೀಟಿನ ಅಂಚು ಕುಸಿದಿದೆಯೇ ನೋಡಿ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಗುರುತಿರುತ್ತದೆ. 3521 ಎಂದಿದ್ದರೆ 2021ರ 35ನೇ ವಾರದಲ್ಲಿ ತಯಾರಾದದ್ದು. ಗಾಡಿ 2018ರದ್ದು, ಮೀಟರ್ ತೋರಿಸುವುದು 25,000, ಆದರೆ ನಾಲ್ಕೂ ಟಯರ್ 2021ರವು ಎಂದಾದರೆ ಮೊದಲ ಸೆಟ್ ಏಕೆ ಅಷ್ಟು ಬೇಗ ಹೋಯಿತು ಎಂದು ಕೇಳಲೇಬೇಕು. ಅನೇಕ ಗಾಡಿಗಳಲ್ಲಿ ಗೇರ್‌ಬಾಕ್ಸ್, ಎಬಿಎಸ್‌ನಂಥ ಬೇರೆ ಕಂಪ್ಯೂಟರುಗಳಲ್ಲೂ ಓಡಿದ ದೂರ ದಾಖಲಾಗಿರುತ್ತದೆ. ಒಳ್ಳೆಯ ಸ್ಕ್ಯಾನರ್ ಇದ್ದವರು ಎರಡನ್ನೂ ಹೋಲಿಸಿ ಹೇಳಬಲ್ಲರು.

ಸ್ಕ್ಯಾನರ್ ಮಾತು ಬಂದದ್ದರಿಂದ ಕೊಳ್ಳುವವರಿಗೆ ಹೆಚ್ಚು ಗೊತ್ತಿಲ್ಲದ ಒಂದು ಸಂಗತಿ. ಎಂಜಿನ್ ಲೈಟ್ ಉರಿಯುತ್ತಿಲ್ಲ ಅಂದಮಾತ್ರಕ್ಕೆ ದೋಷವಿಲ್ಲ ಎಂದಲ್ಲ. ನೀವು ಬರುವ ಅರ್ಧ ಗಂಟೆ ಮೊದಲು ದೋಷದ ಕೋಡ್‌ಗಳನ್ನು ಅಳಿಸಿಬಿಟ್ಟರೆ ಲೈಟ್ ಆರಿಹೋಗುತ್ತದೆ. ಆದರೆ ಹಾಗೆ ಅಳಿಸಿದಾಗ ಕಂಪ್ಯೂಟರ್ ತಾನು ನಡೆಸಬೇಕಾದ ಸ್ವಯಂ ಪರೀಕ್ಷೆಗಳನ್ನು ಮೊದಲಿನಿಂದ ಶುರುಮಾಡುತ್ತದೆ, ಅವೆಲ್ಲ ಮುಗಿಯಲು ಕೆಲವು ದಿನಗಳ ಬಗೆಬಗೆಯ ಓಡಾಟ ಬೇಕು. ಸ್ಕ್ಯಾನರಿನಲ್ಲಿ ‘ರೆಡಿನೆಸ್’ ಎಂಬ ಪುಟ ತೆರೆಯಿರಿ. ಹೆಚ್ಚಿನ ಪರೀಕ್ಷೆಗಳು ‘ಅಪೂರ್ಣ’ ಎಂದು ತೋರಿಸಿದರೆ ಇತ್ತೀಚೆಗೆ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಕಳಚಿದ್ದಾರೆ. ಕೋಡ್ ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಎಂಬ ಅಂಕಿಯೂ ಬಹಳಷ್ಟು ಗಾಡಿಗಳಲ್ಲಿ ಸಿಗುತ್ತದೆ. ಅದು ಎಂಟೋ ಹತ್ತೋ ಇದ್ದರೆ ನಾನು ಒಂದು ವಾರ ಬಿಟ್ಟು ಮತ್ತೆ ಬರುತ್ತೇನೆ.

ಹೆಸರನ್ನು ನಂಬಿ ಮೋಸಹೋಗುವುದೂ ಉಂಟು. ಒಂದೇ ಹೆಸರಿನ ಗಾಡಿ ತಲೆಮಾರು ಬದಲಾದಾಗ ಬೇರೆಯೇ ಗಾಡಿಯಾಗಿರುತ್ತದೆ. ಕಿಯಾ ಸೊರೆಂಟೊದ ಮೊದಲ ತಲೆಮಾರು ಲಾರಿಯಂತೆ ಲ್ಯಾಡರ್ ಚಾಸಿ, ಅಂದರೆ ಏಣಿಯಾಕಾರದ ಉಕ್ಕಿನ ಚೌಕಟ್ಟಿನ ಮೇಲೆ ಕೂತಿತ್ತು, 2009ರಲ್ಲಿ ಬಂದ ಎರಡನೆಯದು ಕಾರಿನಂತೆ ಒಂದೇ ದೇಹದ ಮೊನೊಕಾಕ್. ಫೋರ್ಡ್ ಎಕ್ಸ್‌ಪ್ಲೋರರ್ 2011ರ ಮಾಡೆಲ್ಲಿನಿಂದ, ನಿಸಾನ್ ಪಾತ್‌ಫೈಂಡರ್ 2013ರ ಮಾಡೆಲ್ಲಿನಿಂದ ಹೀಗೇ ಬದಲಾದವು. ಪಾತ್‌ಫೈಂಡರಿನಲ್ಲಿ ಆಗ ಮೆಟ್ಟಿಲು ಮೆಟ್ಟಿಲಾದ ಗೇರುಗಳಿಲ್ಲದ ಸಿವಿಟಿ ಗೇರ್‌ಬಾಕ್ಸ್ ಬಂತು, 2022ರ ಮಾಡೆಲ್ಲಿನಲ್ಲಿ ಅದನ್ನು ತೆಗೆದು 9 ಗೇರಿನ ಸಾಂಪ್ರದಾಯಿಕ ಆಟೊಮ್ಯಾಟಿಕ್ ಕೊಟ್ಟರು. ಆದ್ದರಿಂದ ಯಾರೋ ಅದೇ ಹೆಸರಿನ ಗಾಡಿಯನ್ನು ಹೊಗಳಿದರೆ ಯಾವ ವರ್ಷದ್ದು ಎಂದು ಮೊದಲು ಕೇಳಿ. ಲ್ಯಾಡರ್ ಚಾಸಿ ಗಾಡಿ ಕಚ್ಚಾ ರಸ್ತೆಗೆ, ಟ್ರೇಲರ್ ಎಳೆಯಲು ಗಟ್ಟಿ. ಆದರೆ ಚಾಸಿಯನ್ನು ಕೆಳಗಿನಿಂದ ನೋಡದೆ ಕೊಳ್ಳಬಾರದು. ಮೇಲೆ ಕಪ್ಪು ಬಣ್ಣ ಹೊಸದಾಗಿ ಬಳಿದಿದ್ದರೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ತುಕ್ಕು ಒಳಗೇ ತಿಂದಿದ್ದರೆ ಸದ್ದು ಮಂದವಾಗಿ ಬರುತ್ತದೆ.

ಮೂರನೇ ಸಾಲಿನ ಸೀಟಿನ ಬಗ್ಗೆ ನನಗೆ ಹೇಳುವುದು ಬಹಳ ಇದೆ, ಏಕೆಂದರೆ ಕೊಂಡ ಮೇಲೆ ಹೆಚ್ಚು ಜನ ಹಳಹಳಿಸುವುದು ಅದರ ಬಗ್ಗೆಯೇ. ಏಳು ಸೀಟು ಇದೆ ಎಂದರೆ ಏಳು ಜನರ ಪ್ರಯಾಣ ಆರಾಮ ಎಂದಲ್ಲ. ಮೂರನೇ ಸಾಲು ಎತ್ತಿ ನಿಲ್ಲಿಸಿದ ಮೇಲೆ ಡಿಕ್ಕಿಯಲ್ಲಿ ಎರಡು ಸೂಟ್‌ಕೇಸ್ ಹಿಡಿಯುತ್ತವೆಯೇ? ಎರಡನೇ ಸಾಲಿನಲ್ಲಿ ಮಗುವಿನ ಸೀಟು ಬಿಗಿದಿರುವಾಗ ಹಿಂದಕ್ಕೆ ಹೋಗಲು ದಾರಿ ಉಳಿಯುತ್ತದೆಯೇ? ಆ ಮಗುವಿನ ಸೀಟನ್ನು ಗಾಡಿಗೇ ಸಿಕ್ಕಿಸಿ ಬಿಗಿಯುವ ಐಸೊಫಿಕ್ಸ್ ಕೊಕ್ಕೆಗಳು ಎಷ್ಟು ಜಾಗದಲ್ಲಿವೆ? ಎಷ್ಟೋ ಗಾಡಿಗಳಲ್ಲಿ ಅವು ಎರಡನೇ ಸಾಲಿನ ಎರಡು ಬದಿಯಲ್ಲಿ ಮಾತ್ರ ಇರುತ್ತವೆ, ಮೂರು ಚಿಕ್ಕ ಮಕ್ಕಳ ಮನೆಗೆ ಅದು ಸಾಲದು. ಮೂರನೇ ಸಾಲಿನವರ ತಲೆಗೂ ಹಿಂದಿನ ಗಾಜಿಗೂ ನಡುವೆ ಉಳಿಯುವ ಅಂತರವನ್ನೂ ಅಳೆದು ನೋಡಿ. ಗಾಡಿ ನೋಡಲು ಹೋಗುವಾಗ ದಯವಿಟ್ಟು ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ, ಮಗುವಿನ ಸೀಟನ್ನೂ ಒಯ್ಯಿರಿ. ಹತ್ತಿ ಇಳಿಯಲು ವಯಸ್ಸಾದವರಿಗೆ ಮಂಡಿ ಎಷ್ಟು ಎತ್ತಬೇಕಾಗುತ್ತದೆ ಎಂಬುದು ಅಲ್ಲೇ ತಿಳಿಯುತ್ತದೆ.

ತೂಕದ ಲೆಕ್ಕವನ್ನಂತೂ ಬಹುತೇಕ ಯಾರೂ ಮಾಡುವುದಿಲ್ಲ. ಗಾಡಿಗೆ ಅನುಮತಿಸಿದ ಒಟ್ಟು ತೂಕದಲ್ಲಿ ಖಾಲಿ ತೂಕ ಕಳೆದರೆ ಉಳಿಯುವುದೇ ನೀವು ಹೇರಬಹುದಾದ ಭಾರ. ಚಾಲಕನ ಬಾಗಿಲಿನ ಕಂಬದ ಚೀಟಿಯಲ್ಲೋ ದಾಖಲೆಗಳಲ್ಲೋ ಇದು ಸಿಗುತ್ತದೆ. ಅನೇಕ ಮೂರು ಸಾಲಿನ ಎಸ್‌ಯುವಿಗಳಲ್ಲಿ ಇದು 500ರಿಂದ 700 ಕಿಲೋ ಆಸುಪಾಸಿನಲ್ಲಿರುತ್ತದೆ. ತಲಾ 70 ಕಿಲೋದ ಏಳು ಜನ ಕೂತರೇ 490 ಆಯಿತು. ಇನ್ನು ಸಾಮಾನು, ಮೇಲಿನ ಕ್ಯಾರಿಯರ್, ಅದರ ಮೇಲಿನ ಪೆಟ್ಟಿಗೆ. ಎತ್ತರದ ಗಾಡಿಗೆ ತಲೆಭಾರ ಹೆಚ್ಚಾದಷ್ಟೂ ತಿರುವಿನಲ್ಲಿ ಅಪಾಯ. ಹಿಂದಿನ ಮಾಲೀಕರು ಹೀಗೆ ಮಿತಿ ಮೀರಿ ಹೇರಿದ್ದರೆ ಹಿಂಬದಿಯ ಸ್ಪ್ರಿಂಗ್ ಕುಗ್ಗಿರುತ್ತದೆ, ಶಾಕ್ ಅಬ್ಸಾರ್ಬರಿನಿಂದ ಎಣ್ಣೆ ಸೋರಿರುತ್ತದೆ. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಪಕ್ಕದಿಂದ ನೋಡಿದರೆ ಗಾಡಿ ಹಿಂದಕ್ಕೆ ಕೂತಂತೆ ಕಾಣುತ್ತದೆ.

ಗೇರ್‌ಬಾಕ್ಸ್ ವಿಷಯದಲ್ಲಿ ‘ಆಯಿಲ್ ಜೀವಮಾನಕ್ಕೆ ಸಾಕು, ಬದಲಿಸಬೇಕಿಲ್ಲ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅನೇಕ ಕಂಪನಿಗಳಿಗೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ತಯಾರಿಸಿಕೊಡುವ ಜರ್ಮನಿಯ ಝಡ್‌ಎಫ್ ಸಂಸ್ಥೆಯೇ ತನ್ನ ಗೇರ್‌ಬಾಕ್ಸ್‌ಗಳಿಗೆ 80,000ರಿಂದ 1,20,000 ಕಿಲೋಮೀಟರ್ ನಡುವೆ, ಇಲ್ಲವೇ 8 ವರ್ಷಕ್ಕೆ ಆಯಿಲ್ ಬದಲಿಸಲು ಹೇಳುತ್ತದೆ. ಬದಲಿಸಿದ ಬಿಲ್ ಇದ್ದರೆ ಆ ಮಾಲೀಕರ ಮೇಲೆ ನನಗೆ ಗೌರವ ಹುಟ್ಟುತ್ತದೆ. ಓಡಿಸುವಾಗ ರಿವರ್ಸ್‌ನಿಂದ ಡ್ರೈವ್‌ಗೆ ಹಾಕಿ, ಗಾಡಿ ಹೊರಡಲು ತಡಮಾಡುತ್ತದೆಯೇ ಗಮನಿಸಿ. 50ರಿಂದ 80ರ ವೇಗದಲ್ಲಿ ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿಟ್ಟು ಹೋಗುವಾಗ ಒರಟು ರಸ್ತೆಯ ಮೇಲೆ ಓಡಿದಂತೆ ಸಣ್ಣ ನಡುಕ ಬಂದರೆ ಎಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಗೇರುಗಳಿಗೆ ದಾಟಿಸುವ ಟಾರ್ಕ್ ಕನ್ವರ್ಟರನ್ನು ಅನುಮಾನಿಸಿ. ಎರಡು ಕ್ಲಚ್ ಬಳಸಿ ತಾನೇ ಗೇರ್ ಬದಲಿಸುವ ಡ್ಯುಯಲ್ ಕ್ಲಚ್ ಇದ್ದರೆ ಕಿಕ್ಕಿರಿದ ಟ್ರಾಫಿಕ್ಕಿನಲ್ಲೇ ಪರೀಕ್ಷಿಸಿ, ಖಾಲಿ ರಸ್ತೆಯಲ್ಲಿ ಅದರ ದೋಷ ಕಾಣುವುದಿಲ್ಲ.

ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಆಲ್ ವೀಲ್ ಡ್ರೈವ್ ನಿಮಗೆ ನಿಜಕ್ಕೂ ಬೇಕೇ ಎಂದು ಯೋಚಿಸಿ. ಕೆಸರು, ಹಿಮ, ಕಡಿದಾದ ಕಚ್ಚಾ ದಾರಿ ದಿನವೂ ಎದುರಾಗದಿದ್ದರೆ ಆ ಹಣವನ್ನು ಒಳ್ಳೆಯ ಟಯರ್‌ಗೆ ಹಾಕುವುದು ಮೇಲು. ಬೇಕೇ ಬೇಕು ಎಂದಾದರೆ ನಾಲ್ಕೂ ಟಯರಿನ ಅಳತೆ, ಬ್ರಾಂಡ್, ಸವೆತ ಒಂದೇ ಇದೆಯೇ ನೋಡಿ. ಎರಡು ಹೊಸದು ಎರಡು ಹಳೆಯದು ಹಾಕಿ ಓಡಿಸಿದರೆ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ, ಚಕ್ರ ಜಾರುತ್ತಿದೆ ಎಂದುಕೊಂಡು ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ನಡುವಿನ ಕಪ್ಲಿಂಗ್ ಬಿಡುವಿಲ್ಲದೆ ದುಡಿದು ಸುಡುತ್ತದೆ.

ಅಪಘಾತದ ಗುರುತಿಗೆ ಪೇಂಟ್ ಮಾಪಕ ಬಳಸುತ್ತೇನೆ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಸುತ್ತಮುತ್ತ, ಪುಟ್ಟಿ ಮೆತ್ತಿದಲ್ಲಿ ಸಾವಿರ ದಾಟಬಹುದು. ಒಂದು ಬಾಗಿಲಿಗೆ ಮತ್ತೆ ಬಣ್ಣ ಹೊಡೆದಿದ್ದರೆ ತಲೆಕೆಡಿಸಿಕೊಳ್ಳಬೇಡಿ, ಗೀರು ಯಾರ ಗಾಡಿಗೂ ಆಗುತ್ತದೆ. ಕಂಬಗಳು, ಮುಂದಿನ ಚಾಸಿ ತೊಲೆಗಳು, ಸ್ಟೆಪ್ನಿ ಇಡುವ ಗುಂಡಿ ಇಲ್ಲಿ ಹೊಸ ವೆಲ್ಡಿಂಗ್ ಅಥವಾ ಸುಕ್ಕು ಕಂಡರೆ ಮಾತ್ರ ಎದ್ದು ಬನ್ನಿ. ನೆರೆಯಲ್ಲಿ ಮುಳುಗಿದ ಗಾಡಿಯನ್ನು ಎಷ್ಟು ತೊಳೆದರೂ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದಾಗ ಕೆಸರಿನ ಗೆರೆ ಸಿಗುವುದುಂಟು. ಸೀಟಿನ ಹಳಿಗಳ ಬೋಲ್ಟ್ ತುಕ್ಕು ಹಿಡಿದಿರುವುದು, ಕಾರ್ಪೆಟ್ ಅಡಿಯ ಸ್ಪಂಜು ಒದ್ದೆಯಾಗಿರುವುದು ಕೂಡ ಅದೇ ಸೂಚನೆ. ಒದ್ದೆಗೆ ಸನ್‌ರೂಫ್ ಕೊಳವೆಗಳಲ್ಲಿ ಕಸ ಕಟ್ಟಿರುವುದೂ ಕಾರಣವಿರಬಹುದು. ಸನ್‌ರೂಫ್ ತೆರೆದು ಮೂಲೆಗೆ ಒಂದು ಲೋಟ ನೀರು ಹೊಯ್ದು, ಅದು ಗಾಡಿಯ ಕೆಳಗೆ ಇಳಿಯುತ್ತದೆಯೇ ನೋಡಿ.

ಏರ್‌ಬ್ಯಾಗ್ ದೀಪ ಇಗ್ನಿಷನ್ ಹಾಕಿದಾಗ ಉರಿದು ಕೆಲವು ಸೆಕೆಂಡಿನಲ್ಲಿ ಆರಬೇಕು. ಉರಿಯಲೇ ಇಲ್ಲವೆಂದರೆ ಯಾರೋ ಏನೋ ಮಾಡಿದ್ದಾರೆ. 17 ಅಕ್ಷರ-ಅಂಕಿಗಳ ಚಾಸಿ ಸಂಖ್ಯೆಯನ್ನು ತಯಾರಕರ ರೀಕಾಲ್ (ದೋಷಕ್ಕಾಗಿ ವಾಪಸು ಕರೆದ ಗಾಡಿಗಳ) ಪುಟದಲ್ಲಿ ಹಾಕಿ ನೋಡುವುದನ್ನಂತೂ ಬಿಡಬೇಡಿ. ಟಕಾಟಾ ಕಂಪನಿಯ ಏರ್‌ಬ್ಯಾಗ್ ಇನ್‌ಫ್ಲೇಟರುಗಳಲ್ಲಿ ಅಮೋನಿಯಂ ನೈಟ್ರೇಟ್ ಸೆಕೆ ಮತ್ತು ತೇವದಿಂದ ವರ್ಷಗಟ್ಟಲೆ ಕೆಟ್ಟು, ಬ್ಯಾಗ್ ತೆರೆಯುವಾಗ ಲೋಹದ ಚೂರುಗಳು ಸಿಡಿದು ಜನ ಸತ್ತಿದ್ದಾರೆ. ಹಲವಾರು ಬ್ರಾಂಡುಗಳ ಕೋಟಿಗಟ್ಟಲೆ ಗಾಡಿಗಳನ್ನು ವಾಪಸು ಕರೆದರೂ ಇನ್ನೂ ಬದಲಿಸದ ಗಾಡಿಗಳು ಕೈಯಿಂದ ಕೈಗೆ ಹೋಗುತ್ತಿವೆ. ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗಾಡಿ ಇದು. ಈ ರಿಪೇರಿ ಮಾಲೀಕರಿಗೆ ಉಚಿತ.

ಎಲ್ಲ ಸರಿಹೋಗಿ ಗಾಡಿ ಮನೆಗೆ ಬಂದ ಮೇಲೆ ಮೊದಲ ವಾರದಲ್ಲೇ ಎಂಜಿನ್ ಆಯಿಲ್, ಕೂಲಂಟ್, ಬ್ರೇಕ್ ಆಯಿಲ್, ಡಿಫರೆನ್ಷಿಯಲ್ (ಎಡ ಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರಿನ ಪೆಟ್ಟಿಗೆ) ಆಯಿಲ್ ಬದಲಿಸಿಬಿಡಿ, ಹಿಂದಿನವರು ಮೊನ್ನೆಯಷ್ಟೇ ಮಾಡಿಸಿದ್ದೇವೆ ಎಂದರೂ ಬಿಲ್ ಇಲ್ಲದಿದ್ದರೆ ಮಾಡಿಸಿ. ಹಾಗೆ ಬದಲಿಸುವಾಗ ಮೆಕ್ಯಾನಿಕ್ ಪಕ್ಕದಲ್ಲಿ ನಿಂತುಕೊಳ್ಳಿ. ಡಿಫರೆನ್ಷಿಯಲ್‌ನ ಡ್ರೈನ್ ಪ್ಲಗ್ಗಿನಲ್ಲಿ ಸಾಮಾನ್ಯವಾಗಿ ಅಯಸ್ಕಾಂತ ಇರುತ್ತದೆ. ಅದಕ್ಕೆ ಬೂದು ಬಣ್ಣದ ನುಣ್ಣನೆಯ ಲೇಪ ಅಂಟಿದ್ದರೆ ಸಹಜ ಸವೆತ, ಒರೆಸಿ ಹಾಕಿ. ಬೆರಳಿಗೆ ಚುಚ್ಚುವಂಥ ಚೂರು ಸಿಕ್ಕರೆ ಅದನ್ನು ಕಾಗದದಲ್ಲಿ ಕಟ್ಟಿ ಇಟ್ಟುಕೊಂಡು, ಗಾಡಿ ದೂರದ ಪ್ರಯಾಣಕ್ಕೆ ಹೊರಡುವ ಮೊದಲು ಡಿಫರೆನ್ಷಿಯಲ್ ಬಿಚ್ಚಿಸಿ ನೋಡಿ.