ವಾಲ್ವಿಗೆ ತಾಗದ ಪೆಟ್ರೋಲು: ಹಳೆಯ ಡೈರೆಕ್ಟ್ ಇಂಜೆಕ್ಷನ್ ಕಾರುಗಳ ಹಿಂದಿನ ಕಥೆ

ಮೈಸೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಹುಡುಕುವವರಿಗೆ ಈಗ ಆಸೆ ಹುಟ್ಟಿಸುವ ಗಾಡಿಗಳು ಬೇಕಾದಷ್ಟಿವೆ. ಹತ್ತು ವರ್ಷ ದಾಟಿದ ಪೋಲೋ ಜಿಟಿ ಟಿಎಸ್‌ಐ, ಸ್ಕೋಡಾ ಲಾರಾ, ಆಕ್ಟೇವಿಯಾ, ಇಕೋಬೂಸ್ಟ್ ಎಂಜಿನ್ನಿನ ಫೋರ್ಡ್ ಇಕೋಸ್ಪೋರ್ಟ್. ಹೊಸದಿದ್ದಾಗ ಕೈಗೆ ಎಟುಕದ ಈ ಕಾರುಗಳು ಇವತ್ತು ಒಂದು ಹೊಸ ಸಣ್ಣ ಕಾರಿಗಿಂತ ಕಡಿಮೆ ದುಡ್ಡಿಗೆ ಸಿಗುತ್ತವೆ. ಒಂದು ಸಲ ಓಡಿಸಿ ಪಿಕಪ್ ನೋಡಿದರೆ ಮನಸ್ಸು ಕೇಳೋದಿಲ್ಲ. ಆದರೆ ಪರಿಚಯದ ಮೆಕ್ಯಾನಿಕ್ ಹತ್ತಿರ ಹೋದರೆ, ಬಾನೆಟ್ ಎತ್ತುವ ಮೊದಲೇ ಬೇಡ ಅನ್ನುತ್ತಾರೆ. ಇವುಗಳಲ್ಲಿರುವುದು ಡೈರೆಕ್ಟ್ ಇಂಜೆಕ್ಷನ್, ಅಂದರೆ ಪೆಟ್ರೋಲನ್ನು ನೇರ ಸಿಲಿಂಡರಿಗೇ ಸಿಂಪಡಿಸುವ ಎಂಜಿನ್. ಡೈರೆಕ್ಟ್ ಇಂಜೆಕ್ಷನ್ ಅಂದರೆ ಕಾರ್ಬನ್, ಕಾರ್ಬನ್ ಅಂದರೆ ಖರ್ಚು ಅನ್ನೋದು ಅವರ ಲೆಕ್ಕ.

ಆ ಲೆಕ್ಕದಲ್ಲಿ ಅರ್ಧ ನಿಜ ಇದೆ. ಇನ್ನರ್ಧ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಈ ಎಂಜಿನ್ನುಗಳ ಹೆಚ್ಚಿನ ಕಾಯಿಲೆಗಳು ಒಂದೇ ತೀರ್ಮಾನದಿಂದ ಬಂದವು. ಪೆಟ್ರೋಲನ್ನು ಎಲ್ಲಿ ಸಿಂಪಡಿಸಬೇಕು ಅನ್ನುವ ತೀರ್ಮಾನ ಅದು.

ಅಂಬಾಸಿಡರ್, ಪದ್ಮಿನಿ, ಹಳೆಯ ಮಾರುತಿ 800ರ ಕಾಲದಲ್ಲಿ ಗಾಳಿಯೂ ಪೆಟ್ರೋಲೂ ಕಾರ್ಬೊರೇಟರಿನಲ್ಲೇ ಬೆರೆತು, ಇನ್‌ಟೇಕ್ ಪೈಪಿನಲ್ಲಿ ಸಾಗಿ, ಸಿಲಿಂಡರಿನ ಬಾಗಿಲಿನಂಥ ವಾಲ್ವ್ ದಾಟಿ ಸಿಲಿಂಡರಿಗೆ ಹೋಗುತ್ತಿದ್ದವು. 2000ದ ಆಸುಪಾಸಿನಲ್ಲಿ ನಮ್ಮಲ್ಲಿ ಎಂಪಿಎಫ್‌ಐ ಬಂತು, ಅಂದರೆ ಕಾರ್ಬೊರೇಟರಿನ ಬದಲು ಒಂದೊಂದು ಸಿಲಿಂಡರಿಗೆ ಒಂದೊಂದು ಇಂಜೆಕ್ಟರ್. ಇಂಜೆಕ್ಟರ್ ಬಂದರೂ ಜಾಗ ಹೆಚ್ಚು ಬದಲಾಗಲಿಲ್ಲ. ಮೂರು ನಾಲ್ಕು ಬಾರ್ ಒತ್ತಡದಲ್ಲಿ ಪೆಟ್ರೋಲು ವಾಲ್ವಿನ ಬೆನ್ನಿನ ಮೇಲೇ ಬೀಳುತ್ತಿತ್ತು. ಹೀಗಾಗಿ ದಿನಾ ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಿ ತೊಳೆದ ಹಾಗೆ ವಾಲ್ವ್ ತಾನಾಗಿ ತೊಳೆದುಹೋಗುತ್ತಿತ್ತು. ಇದನ್ನು ಯಾರೂ ಲೆಕ್ಕ ಹಾಕಿ ಮಾಡಿದ್ದಲ್ಲ, ಪುಕ್ಕಟೆಯಾಗಿ ಸಿಕ್ಕ ಅನುಕೂಲ. ಡೈರೆಕ್ಟ್ ಇಂಜೆಕ್ಷನ್ನಿನಲ್ಲಿ ಇಂಜೆಕ್ಟರಿನ ಮೂತಿ ನೇರ ಸಿಲಿಂಡರಿನ ಒಳಗೇ ಇರುತ್ತದೆ. ವಾಲ್ವಿನ ಬೆನ್ನಿಗೆ ಒಂದು ಹನಿ ಪೆಟ್ರೋಲೂ ತಾಗುವುದಿಲ್ಲ. ಪುಕ್ಕಟೆ ತೊಳೆತ ಅಲ್ಲಿಗೆ ನಿಂತಿತು.

ಹಾಗಾದರೆ ಈ ದಾರಿ ಹಿಡಿದದ್ದು ಯಾಕೆ? ಮೈಸೂರಿನವರಿಗೆ ಇದನ್ನು ಜಾವಾ ಬೈಕಿನಿಂದಲೇ ಹೇಳಬಹುದು. ಯಾದವಗಿರಿಯ ಕಾರ್ಖಾನೆಯಿಂದ ಬರುತ್ತಿದ್ದ ಜಾವಾ, ಯೆಜ್ಡಿಗಳು ಟೂ ಸ್ಟ್ರೋಕ್. ಅಂಥ ಎಂಜಿನ್ನಿನಲ್ಲಿ ಹೊಸ ಗಾಳಿ ಪೆಟ್ರೋಲ್ ಒಳಗೆ ನುಗ್ಗುವಾಗಲೇ ಹೊಗೆ ಹೋಗುವ ಕಿಂಡಿಯೂ ತೆರೆದಿರುತ್ತದೆ. ಸ್ವಲ್ಪ ಪೆಟ್ರೋಲು ಸುಡದೆಯೇ ಸೈಲೆನ್ಸರಿನ ಪಾಲಾಗುತ್ತದೆ. ಕಿಂಡಿ ಮುಚ್ಚಿದ ಮೇಲೆ ನೇರ ಸಿಲಿಂಡರಿಗೇ ಪೆಟ್ರೋಲು ಚಿಮ್ಮಿಸಿದರೆ ಈ ನಷ್ಟ ಇರುವುದಿಲ್ಲ, ಅಲ್ವಾ? 1950ರ ದಶಕದ ಆರಂಭದಲ್ಲಿ ಜರ್ಮನಿಯ ಗೋಲಿಯಾತ್ ಮತ್ತು ಗುಟ್‌ಬ್ರಾಡ್ ಅನ್ನುವ ಪುಟ್ಟ ಟೂ ಸ್ಟ್ರೋಕ್ ಕಾರುಗಳಲ್ಲಿ ಬಾಷ್ ಕಂಪನಿಯ ಪಂಪಿನಿಂದ ಮಾಡಿದ್ದು ಇದನ್ನೇ.

1954ರಲ್ಲಿ ಮರ್ಸಿಡಿಸ್ 300 ಎಸ್‌ಎಲ್ ಬಂತು. ಅದರ ತಂತ್ರದ ಬೇರು ಎರಡನೇ ಮಹಾಯುದ್ಧದ ಜರ್ಮನ್ ವಿಮಾನದ ಎಂಜಿನ್ನುಗಳಲ್ಲಿತ್ತು. ಕಾರು ಓಟದಲ್ಲಿ ಹುಲಿ. ಆದರೆ ಕೀ ತೆಗೆದ ಮೇಲೂ ಎಂಜಿನ್ ತಿರುಗುವುದು ಪೂರ್ತಿ ನಿಲ್ಲುವವರೆಗೆ ಪಂಪು ಪೆಟ್ರೋಲು ತಳ್ಳುತ್ತಲೇ ಇರುತ್ತಿತ್ತು. ಅದು ಸಿಲಿಂಡರ್ ಗೋಡೆಯ ಆಯಿಲ್ ತೊಳೆದು ಕೆಳಗಿಳಿದು ಆಯಿಲಿಗೆ ಸೇರುತ್ತಿತ್ತು. ಆಯಿಲಿಗೆ ಪೆಟ್ರೋಲು ಬೆರೆಯುವ ಈ ಕಾಟ ಅಷ್ಟು ಹಳೆಯದು. ಇವತ್ತಿಗೂ ಪೂರ್ತಿ ಹೋಗಿಲ್ಲ.

ಆಮೇಲೆ ಈ ವಿದ್ಯೆ ಸುಮಾರು ನಲವತ್ತು ವರ್ಷ ಮೂಲೆ ಸೇರಿತ್ತು. ಯಾದವಗಿರಿಯ ಐಡಿಯಲ್ ಜಾವಾ ಬಾಗಿಲು ಹಾಕಿದ 1996ರಲ್ಲೇ ಜಪಾನಿನಲ್ಲಿ ಮಿತ್ಸುಬಿಷಿ ಜಿಡಿಐ ಅನ್ನುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನಿನ ಗ್ಯಾಲಂಟ್ ಕಾರನ್ನು ಮಾರುಕಟ್ಟೆಗೆ ತಂದಿತು. ಈ ಸಲ ಲೆಕ್ಕಾಚಾರ ಕಂಪ್ಯೂಟರಿನದು, ಒತ್ತಡ ಸುಮಾರು 50 ಬಾರ್. ಸ್ಪಾರ್ಕ್ ಪ್ಲಗ್ಗಿನ ಹತ್ತಿರ ಮಾತ್ರ ಪೆಟ್ರೋಲು ದಟ್ಟವಾಗಿರುವಂತೆ ಮಾಡಿ ಉಳಿದ ಕಡೆ ಬರೀ ಗಾಳಿ ಬಿಟ್ಟು ಮೈಲೇಜ್ ಉಳಿಸುವುದು ಉದ್ದೇಶ. ಇದರಲ್ಲಿ ನೈಟ್ರೋಜನ್ ಆಕ್ಸೈಡ್ ಹೊಗೆ ಜಾಸ್ತಿಯಾಯಿತು. ಅದನ್ನು ಹಿಡಿಯುವ ಕ್ಯಾಟಲಿಸ್ಟನ್ನು ಪೆಟ್ರೋಲಿನಲ್ಲಿದ್ದ ಗಂಧಕ ಕೆಡಿಸಿತು. ಕೊನೆಗೆ ಹೆಚ್ಚಿನ ಕಂಪನಿಗಳು ಆ ಯೋಜನೆ ಬಿಟ್ಟವು. ಬದಲಿಗೆ ಡೈರೆಕ್ಟ್ ಇಂಜೆಕ್ಷನ್ನನ್ನು, ಗಾಳಿಯನ್ನು ಒತ್ತಿ ತುಂಬುವ ಟರ್ಬೋ ಜೊತೆ ಸೇರಿಸಿದವು. ಒಳಗೆ ಸಿಂಪಡಿಸಿದ ಪೆಟ್ರೋಲು ಆವಿಯಾಗುವಾಗ ಸಿಲಿಂಡರನ್ನು ತಂಪು ಮಾಡುತ್ತದೆ. ಆದ್ದರಿಂದ ಸಣ್ಣ ಎಂಜಿನ್ನಿಗೂ ನಾಕಿಂಗ್ (ಪೆಟ್ರೋಲು ತಾನಾಗಿ ಸಿಡಿದು ಎಂಜಿನ್ ಬಡಿಯುವುದು) ಇಲ್ಲದೆ ಜಾಸ್ತಿ ಗಾಳಿ ತುಂಬಬಹುದು. 1.2 ಲೀಟರಿನ ಪೋಲೋ ಜಿಟಿಯಲ್ಲಿ 105 ಕುದುರೆಶಕ್ತಿ ಬಂದದ್ದು ಹೀಗೆ. ಅದು ನಮ್ಮ ದೇಶಕ್ಕೆ ಬಂದದ್ದು 2013ರಲ್ಲಿ. ಅದೇ ವರ್ಷ ಒಂದೇ ಲೀಟರಿನ ಇಕೋಬೂಸ್ಟ್ ಕೂಡ ಬಂತು.

ಈಗ ಕಾರ್ಬನ್ ವಿಷಯ. ಪೆಟ್ರೋಲು ತಾಗದಿದ್ದರೆ ವಾಲ್ವ್ ಮೇಲೆ ಕಪ್ಪು ಕೂರುವುದು ಎಲ್ಲಿಂದ? ಆಯಿಲಿನಿಂದ. ಪಿಸ್ಟನ್ ರಿಂಗ್ ದಾಟಿ ಕೆಳಗೆ ಇಳಿದ ಹೊಗೆ ಮತ್ತು ಆಯಿಲಿನ ಆವಿಯನ್ನು ಹೊರಗೆ ಬಿಡುವಂತಿಲ್ಲ. ಬ್ರೀದರ್ ಪೈಪಿನ ಮೂಲಕ ಅದನ್ನು ಮತ್ತೆ ಇನ್‌ಟೇಕ್ ಕಡೆಗೇ ಕಳಿಸುತ್ತಾರೆ. ಆ ಆವಿ ಬಿಸಿ ವಾಲ್ವಿನ ಮೇಲೆ ಕೂತು ಗಟ್ಟಿಯಾಗುತ್ತದೆ. ಲಕ್ಷಣ ಗೊತ್ತಾಗುವುದು ಬೆಳಗಿನ ಮೊದಲ ಸ್ಟಾರ್ಟಿನಲ್ಲಿ. ಎಂಜಿನ್ ನಡುಗುತ್ತದೆ, ಮಿಸ್ಸಿಂಗ್ ಇರುತ್ತದೆ, ಬಿಸಿಯಾದ ಮೇಲೆ ಸರಿಹೋಗುತ್ತದೆ. ಸುಮ್ನೆ ಪ್ಲಗ್, ಕಾಯಿಲ್ ಬದಲಿಸಿ ದುಡ್ಡು ಕಳೆದುಕೊಳ್ಳುವವರು ಇಲ್ಲೇ ಸಿಕ್ಕಿಬೀಳುತ್ತಾರೆ.

ಟ್ಯಾಂಕಿಗೆ ಸುರಿಯುವ ಕ್ಲೀನರ್ ಬಾಟಲಿಯಿಂದ ಈ ಕಾರ್ಬನ್ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇಂಜೆಕ್ಟರಿನ ಮೂತಿ ಸ್ವಲ್ಪ ಶುದ್ಧವಾಗಬಹುದು, ಅಷ್ಟೇ. ಆ ದ್ರವ ಪೆಟ್ರೋಲಿನ ಜೊತೆ ಸಿಲಿಂಡರಿಗೆ ಹೋಗುತ್ತದೆಯೇ ಹೊರತು ವಾಲ್ವಿನ ಬೆನ್ನಿಗೆ ಹೋಗಲು ಅದಕ್ಕೆ ದಾರಿಯೇ ಇಲ್ಲ. ಸರಿಯಾದ ಕೆಲಸ ಅಂದರೆ ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಬೇಕು. ಒಂದೊಂದು ಸಿಲಿಂಡರಿನ ವಾಲ್ವ್ ಮುಚ್ಚಿರುವಂತೆ ಎಂಜಿನ್ ತಿರುಗಿಸಿ ಇಟ್ಟುಕೊಂಡು, ಅಕ್ರೋಟ್ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಊದಬೇಕು. ಆ ಪುಡಿ ಕಾರ್ಬನ್ ಕಿತ್ತುಹಾಕುತ್ತದೆ, ಲೋಹಕ್ಕೆ ಗೀರು ಬೀಳಿಸುವುದಿಲ್ಲ. ಆ ಸಲಕರಣೆ ಇಲ್ಲದ ಕಡೆ ಕೆಮಿಕಲ್ ಹಾಕಿ ನೆನೆಸಿ ಬ್ರಶ್ಶಿನಲ್ಲಿ ಉಜ್ಜುತ್ತಾರೆ. ಹೊತ್ತು ಹಿಡಿಯುತ್ತದೆ, ಆದರೆ ತಾಳ್ಮೆ ಇದ್ದವರ ಕೈಯಲ್ಲಿ ಅದೂ ಆಗುತ್ತದೆ. ಕಂಪನಿಗಳಿಗೂ ಇದು ಗೊತ್ತಿತ್ತು. ಟೊಯೊಟಾ 2005ರ ಹೊತ್ತಿಗೇ ಲೆಕ್ಸಸ್ ಕಾರುಗಳಲ್ಲಿ ಹೊರಗೊಂದು ಒಳಗೊಂದು ಅಂತ ಎರಡೆರಡು ಇಂಜೆಕ್ಟರ್ ಇಟ್ಟಿತು. ನಿಲ್ಲಿಸಿದ್ದ ತೊಳೆತವನ್ನು ದುಡ್ಡು ಕೊಟ್ಟು ವಾಪಸ್ ತಂದಂತಾಯಿತು.

ನನ್ನ ಕೇಳಿದರೆ ಕಾರ್ಬನ್ನಿಗಿಂತ ಆಯಿಲ್ ದೊಡ್ಡ ವಿಷಯ. ಮೈಸೂರು ಕಾರಿಗೆ ಸುಖದ ಊರಲ್ಲ. ಕೇಳಲು ವಿಚಿತ್ರ ಅನ್ನಿಸಬಹುದು. ಸರಸ್ವತಿಪುರಂನಿಂದ ದೇವರಾಜ ಮಾರ್ಕೆಟ್ಟಿಗೆ, ಕುವೆಂಪುನಗರದಿಂದ ಮಕ್ಕಳ ಸ್ಕೂಲಿಗೆ ಅಂತ ಮೂರು ನಾಲ್ಕು ಕಿಲೋಮೀಟರ್ ಓಡಿ ನಿಲ್ಲುವ ಕಾರಿನಲ್ಲಿ ಆಯಿಲ್ ಸರಿಯಾಗಿ ಬಿಸಿಯಾಗುವುದೇ ಇಲ್ಲ. ತಣ್ಣಗಿದ್ದಾಗ ಜಾಸ್ತಿ ಸಿಂಪಡಿಸಿದ ಪೆಟ್ರೋಲು ಗೋಡೆಗೆ ತಾಗಿ ಕೆಳಗಿಳಿಯುತ್ತದೆ, ಆವಿಯಾಗದೆ ಅಲ್ಲೇ ಉಳಿಯುತ್ತದೆ. ವಾರಕ್ಕೊಮ್ಮೆ ಎಕ್ಸ್‌ಪ್ರೆಸ್‌ವೇ ಹಿಡಿದು ಮಂಡ್ಯದವರೆಗೆ ಹೋಗಿ ಬರುವ ಕಾರಿನ ಆಯಿಲ್ ಇದಕ್ಕಿಂತ ಚೆನ್ನಾಗಿರುತ್ತದೆ. ವಾಲ್ವಿನ ಕಾರ್ಬನ್ ಅದರಿಂದ ಕರಗುವುದಿಲ್ಲ, ಆದರೆ ಆಯಿಲಿಗೆ ಸೇರಿದ ಪೆಟ್ರೋಲೂ ನೀರೂ ಹಾರಿಹೋಗುತ್ತವೆ. ಕಂಪನಿ 15 ಸಾವಿರ ಕಿಲೋಮೀಟರಿಗೆ ಆಯಿಲ್ ಬದಲಿಸಿ ಅಂದಿರಬಹುದು. ಊರೊಳಗೆ ಓಡುವ ಹಳೆಯ ಟರ್ಬೋ ಕಾರಿಗೆ ಅದರ ಅರ್ಧಕ್ಕೇ ಬದಲಿಸುವುದು ಒಳ್ಳೆಯದು.

ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ತೋರಿಸುವ ಕಡ್ಡಿ, ನೋಡುವ ಅಭ್ಯಾಸ ಹೋಗಿಬಿಟ್ಟಿದೆ. ಈ ಕಾರುಗಳಿಗೆ ಅದು ಬೇಕೇ ಬೇಕು. ಆಯಿಲ್ ಕಡಿಮೆಯಾಗುತ್ತಿದ್ದರೆ ರಿಂಗ್ ನೋಡಬೇಕು. ಲಾರಾ ಕಾಲದ 1.8 ಟಿಎಸ್‌ಐ ತಲೆಮಾರಿನಲ್ಲಿ ತೆಳುವಾದ ಆಯಿಲ್ ರಿಂಗಿನಿಂದ ಆಯಿಲ್ ಕುಡಿಯುವ ಸಮಸ್ಯೆ ಎಲ್ಲ ದೇಶಗಳಲ್ಲೂ ಹೆಸರಾಗಿತ್ತು. ಆಯಿಲ್ ಜಾಸ್ತಿಯಾಗುತ್ತಿದ್ದರೆ ಖುಷಿಪಡಬೇಡಿ. ಪೆಟ್ರೋಲ್ ವಾಸನೆ ಇದ್ದರೆ ಹೈ ಪ್ರೆಶರ್ ಪಂಪಿನ ಸೀಲ್ ಸೋರುತ್ತಿರಬಹುದು. ಆ ಪಂಪಿನ ಪೈಪನ್ನು ಮಾತ್ರ ಮನೆಯಲ್ಲಿ ಬಿಚ್ಚಲು ಹೋಗಬೇಡಿ. ಓಡುವಾಗ ಅಲ್ಲಿ 100 ಬಾರಿಗಿಂತ ಜಾಸ್ತಿ ಒತ್ತಡ ಇರುತ್ತದೆ, ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ನಿಲ್ಲುತ್ತದೆ.

ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಟೈಮಿಂಗ್ ಚೈನೂ ಆಯಿಲಿನ ಮೇಲೇ ನಿಂತಿದೆ. ಚೈನನ್ನು ಬಿಗಿಯಾಗಿಡುವ ಟೆನ್ಷನರನ್ನು ಒತ್ತಿ ಹಿಡಿಯುವುದು ಆಯಿಲಿನ ಒತ್ತಡ. ಇಕೋಬೂಸ್ಟಿನಲ್ಲಿ ಚೈನಿನ ಬದಲು ಬೆಲ್ಟು, ಅದೂ ಆಯಿಲಿನಲ್ಲೇ ಮುಳುಗಿರುತ್ತದೆ. ತಪ್ಪು ಆಯಿಲ್ ಹಾಕಿದರೆ ಬೆಲ್ಟು ಉದುರಿ, ಆ ಚೂರು ಆಯಿಲ್ ಪಂಪಿನ ಜರಡಿಗೆ ಸಿಕ್ಕಿ ಎಂಜಿನ್ನೇ ಹೋಗಬಹುದು. ಇನ್ನೊಂದು ಅಪಾಯ ಚಾಮುಂಡಿ ಬೆಟ್ಟ ಹತ್ತುವಾಗ ಮೇಲಿನ ಗೇರಿನಲ್ಲೇ ಎಳೆಸುವವರಿಗೆ. ಕಡಿಮೆ ಆರ್‌ಪಿಎಂನಲ್ಲಿ ಟರ್ಬೋಗೆ ಪೂರ್ತಿ ಒತ್ತಡ ಕೊಟ್ಟರೆ ಪ್ಲಗ್ ಕಿಡಿ ಹಾರಿಸುವ ಮೊದಲೇ ಪೆಟ್ರೋಲು ಹೊತ್ತಿಕೊಂಡು ಪಿಸ್ಟನ್ ಒಡೆಯಬಹುದು. ಇದನ್ನು ತಡೆಯಲೆಂದೇ 2018ರಲ್ಲಿ ಅಮೆರಿಕದ ಎಪಿಐ ಸಂಸ್ಥೆಯ ಎಸ್‌ಎನ್ ಪ್ಲಸ್, 2020ರಲ್ಲಿ ಎಸ್‌ಪಿ ದರ್ಜೆಯ ಆಯಿಲ್ ಬಂದವು. ಕಂಪನಿ ಕೇಳುವ ದರ್ಜೆಯ ಜೊತೆಗೆ ಡಬ್ಬದ ಮೇಲೆ ಇದೂ ಇದ್ದರೆ ಒಳ್ಳೆಯದು.

ಮಂಡ್ಯದ ಕಬ್ಬಿನ ಸೀಮೆಯಲ್ಲಿ ನಿಂತು ಎಥೆನಾಲ್ ಬಗ್ಗೆ ಮಾತಾಡದೆ ಇರಲಾಗದು. ಪೆಟ್ರೋಲಿಗೆ ಮದ್ಯಸಾರ ಬೆರೆಸುವುದು ಹೊಸದಲ್ಲ. 1948ರಲ್ಲೇ ಇದಕ್ಕೆ ದೇಶದಲ್ಲಿ ಕಾನೂನು ಬಂದಿತ್ತು. 2022ಕ್ಕೆ ಶೇಕಡ 10ರ ಗುರಿ ಮುಟ್ಟಿ, 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇ20ಗೆ, ಅಂದರೆ ಶೇಕಡ 20 ಎಥೆನಾಲ್ ಬೆರೆಸಿದ ಪೆಟ್ರೋಲಿಗೆ, ಚಾಲನೆ ಸಿಕ್ಕಿತು. ಲೀಟರಿಗೆ ಎಥೆನಾಲಿನ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಡಿಮೆ, ಹಾಗಾಗಿ ಮೈಲೇಜ್ ಇಳಿಯುತ್ತದೆ. ಆಕ್ಟೇನ್ (ನಾಕಿಂಗ್ ತಡೆಯುವ ಗುಣ) ಜಾಸ್ತಿ, ಅದು ಟರ್ಬೋಗೆ ಒಳ್ಳೆಯದೇ. ಆದರೆ 2013ರ ಕಾರಿನ ರಬ್ಬರ್ ಪೈಪು, ಸೀಲುಗಳು ಇ20ಗೆ ಅಂತ ಮಾಡಿದ್ದಲ್ಲ. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಕಾರಾದರೆ ಆಗಾಗ ಓಡಿಸಿ ಪೆಟ್ರೋಲು ಖಾಲಿಯಾಗಿ ಹೊಸದು ಬೀಳುವಂತೆ ನೋಡಿಕೊಳ್ಳಬೇಕು. ಸರ್ವಿಸ್ ಮಾಡಿಸಿದಾಗಲೆಲ್ಲ ಪೈಪುಗಳನ್ನೂ ನೋಡಿಸಬೇಕು.

ಕೊಳ್ಳಲೇಬೇಕು ಅನ್ನಿಸಿದರೆ ಮಾರುವವರಿಗೆ ಮೊದಲೇ ಹೇಳಿ, ನೀವು ಹೋಗುವ ತನಕ ಸ್ಟಾರ್ಟ್ ಮಾಡದೆ ಇಡಲಿ. ಬಾನೆಟ್ಟಿನ ಮೇಲೆ ಕೈ ಇಟ್ಟರೆ ತಣ್ಣಗಿರಬೇಕು. ಬಿಸಿ ಇದ್ದರೆ ಇನ್ನೊಂದು ದಿನ ಹೋಗಿ. ಸ್ಟಾರ್ಟ್ ಆದ ಮೊದಲ ಕೆಲವು ಸೆಕೆಂಡು ಚೈನ್ ಕಡೆಯಿಂದ ಗಲಗಲ ಸದ್ದು ಬರುತ್ತದೆಯೇ ಕೇಳಿ. ನಡುಕ ನೋಡಿ, ಡಿಪ್‌ಸ್ಟಿಕ್ ಎಳೆದು ಮೂಸಿ, ಸ್ಕ್ಯಾನರ್ ಹಾಕಿಸಿ. ಆಯಿಲ್ ಬದಲಿಸಿದ ಬಿಲ್ಲುಗಳನ್ನು ಕೇಳಿ. ಬಿಲ್ ಸರಿಯಾಗಿದ್ದು ಕಾರ್ಬನ್ ಮಾತ್ರ ಇದ್ದರೆ ಹೆದರಬೇಕಿಲ್ಲ, ಕ್ಲೀನಿಂಗ್ ಖರ್ಚನ್ನು ಬೆಲೆಯಲ್ಲಿ ಕಳೆಯಿಸಿಕೊಳ್ಳಿ. ಬಿಲ್ಲೇ ಇಲ್ಲದಿದ್ದರೆ, ಕಾರು ಎಷ್ಟೇ ಹೊಳೆಯುತ್ತಿದ್ದರೂ, ಬಿಟ್ಟು ಬನ್ನಿ.